ಹತ್ತು ಕಿಲೋಮೀಟರ್ ಎಲ್ಲಿ ಹೋಯಿತು?

ನನ್ನ ಬೋಟು ಹದಿನೇಳು ಅಡಿಯದು. ಫೈಬರ್‌ಗ್ಲಾಸ್ ಮೈ, ಹಿಂದೆ 90 ಹೆಚ್‌ಪಿಯ ಔಟ್‌ಬೋರ್ಡ್ ಇಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮಾರಿದವರು "ಗಂಟೆಗೆ 56 ಕಿಲೋಮೀಟರ್ ಆರಾಮಾಗಿ ಹೋಗುತ್ತೆ" ಅಂದಿದ್ದರು. ನನ್ನ ಕೈಗೆ ಬಂದ ಮೇಲೆ 46 ದಾಟಲೇ ಇಲ್ಲ. ಅವರು ಸುಳ್ಳು ಹೇಳಿದರು ಅಂತ ಮೊದಮೊದಲು ಬೈದುಕೊಂಡೆ. ಆಮೇಲೆ ಇಂಜಿನ್ ಸುಸ್ತಾಗಿದೆ ಅಂದುಕೊಂಡೆ. ಎರಡೂ ತಪ್ಪು. ಆ ಹತ್ತು ಕಿಲೋಮೀಟರ್ ಒಂದೇ ಕಡೆ ಕಳೆದುಹೋಗಿರಲಿಲ್ಲ. ಐದಾರು ಕಡೆ ಚೂರುಚೂರಾಗಿ ಸೋರಿಹೋಗಿತ್ತು. ಅದನ್ನು ಹುಡುಕಿದ ಕಥೆ ಇದು.

ಶುರುವಿನಲ್ಲೇ ಒಂದು ದೊಡ್ಡ ಎಡವಟ್ಟು ಮಾಡಿದೆ. ಬೋಟಿನಲ್ಲಿ 17 ಇಂಚು ಪಿಚ್‌ನ ಪ್ರೊಪೆಲ್ಲರ್ ಇತ್ತು. ಪಿಚ್ ಅಂದರೆ, ಪ್ರೊಪೆಲ್ಲರ್ ಒಂದು ಸುತ್ತು ಸುತ್ತಿದಾಗ ಮರಕ್ಕೆ ಇಳಿಯುವ ಸ್ಕ್ರೂ ಥರ ನೀರಿನಲ್ಲಿ ಎಷ್ಟು ಮುಂದೆ ಹೋಗಬೇಕು ಅನ್ನುವ ಲೆಕ್ಕ. 17ರ ಬದಲು 19 ಹಾಕಿದರೆ ಸುತ್ತಿಗೆ ಎರಡು ಇಂಚು ಜಾಸ್ತಿ, ಸ್ಪೀಡೂ ಜಾಸ್ತಿ, ಅಲ್ವಾ? ಹಾಗಂತ ಹೊಸ 19ರ ಪ್ರೊಪೆಲ್ಲರ್ ತಂದು ಹಾಕಿದೆ. 46 ಇದ್ದದ್ದು 44ಕ್ಕೆ ಇಳಿಯಿತು.

ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ಸುತ್ತುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರ್ ನೋಡಿದಾಗ ವಿಷಯ ಗೊತ್ತಾಯಿತು. 17ರಲ್ಲಿ ಫುಲ್ ಥ್ರಾಟಲ್‌ಗೆ 5100 ಆರ್‌ಪಿಎಂ ಬರುತ್ತಿತ್ತು. 19ರಲ್ಲಿ 4750. ಸಾಮಾನ್ಯವಾಗಿ ಒಂದು ಇಂಚು ಪಿಚ್ ಜಾಸ್ತಿ ಮಾಡಿದರೆ 150ರಿಂದ 200 ಆರ್‌ಪಿಎಂ ಕಮ್ಮಿಯಾಗುತ್ತದೆ. ನನ್ನ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ 5000ದಿಂದ 6000ದ ಒಳಗೆ ಓಡಬೇಕು ಅಂತ ಮ್ಯಾನ್ಯುಯಲ್ ಹೇಳುತ್ತದೆ. ಸೈಕಲ್ಲಿನಲ್ಲಿ ಏರು ಹತ್ತುವಾಗ ದೊಡ್ಡ ಗೇರ್ ಹಾಕಿದರೆ ಏನಾಗುತ್ತೋ ಅದೇ ಆಗಿತ್ತು. ಇಂಜಿನ್ ತಿಣುಕುತ್ತಿತ್ತು. ಅದು ಸ್ಪೀಡಿಗಷ್ಟೇ ಅಲ್ಲ, ಇಂಜಿನ್ನಿನ ಆಯುಸ್ಸಿಗೂ ಒಳ್ಳೆಯದಲ್ಲ. 19ನ್ನು ಬಿಚ್ಚಿ ಮತ್ತೆ 17 ಹಾಕಿದೆ. ಒಂದು ನೋಟ್‌ಬುಕ್ ಇಟ್ಟೆ. ಇನ್ನು ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ನಿಯಮ ಮಾಡಿಕೊಂಡೆ.

ಅಳೆಯೋದನ್ನೂ ಸರಿ ಮಾಡಿಕೊಳ್ಳಬೇಕಾಯಿತು. ಬೋಟಿನ ಸ್ಪೀಡೋಮೀಟರ್ ಸಣ್ಣ ತೂತಿನೊಳಗೆ ಬರುವ ನೀರಿನ ಒತ್ತಡ ನೋಡಿ ಸ್ಪೀಡ್ ತೋರಿಸುವಂಥದ್ದು. ತೂತಿನಲ್ಲಿ ಕಸ ಕೂತರೆ ಬಾಯಿಗೆ ಬಂದದ್ದು ಹೇಳುತ್ತದೆ. ಹಾಗಾಗಿ ಜಿಪಿಎಸ್ ಹಿಡಿದೆ. ಆದರೆ ಜಿಪಿಎಸ್ ಹೇಳೋದು ನೆಲದ ಲೆಕ್ಕದ ಸ್ಪೀಡು. ನೀರಿನ ಹರಿವಿನ ಜೊತೆ ಹೋದರೆ 48, ಎದುರು ಹೋದರೆ 44. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆದರೆ ಮಾತ್ರ ನಿಜವಾದ 46 ಸಿಗುತ್ತದೆ. ಪ್ರತಿ ಸಲವೂ ಅರ್ಧ ಟ್ಯಾಂಕ್ ಪೆಟ್ರೋಲ್, ಅದೇ ಇಬ್ಬರು, ಕೂರುವ ಜಾಗವೂ ಅದೇ. ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ಚಿನ ದಾರ ಕಾಲಿಗೆ ಸಿಕ್ಕಿಸಿಕೊಳ್ಳದೆ ಒಂದು ಸಲವೂ ಫುಲ್ ಥ್ರಾಟಲ್ ಮಾಡಲಿಲ್ಲ.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ನನ್ನ ಇಂಜಿನ್ನಿನ ಗೇರ್ ರೇಶಿಯೋ 2.33. ಅಂದರೆ ಇಂಜಿನ್ 5100 ಸುತ್ತು ಸುತ್ತಿದರೆ ಪ್ರೊಪೆಲ್ಲರ್ ಸುತ್ತೋದು ಸುಮಾರು 2190 ಸಲ. ಅದನ್ನು 17 ಇಂಚಿನಿಂದ ಗುಣಿಸಿ ಗಂಟೆಗೆ ಇಳಿಸಿದರೆ 57 ಕಿಲೋಮೀಟರ್ ಹತ್ತಿರ ಬರುತ್ತದೆ. ನೀರು ಮರದಷ್ಟು ಗಟ್ಟಿಯಲ್ಲವಲ್ಲ, ಸ್ವಲ್ಪ ಜಾರಿಹೋಗುತ್ತದೆ. ಇದಕ್ಕೆ ಸ್ಲಿಪ್ ಅಂತಾರೆ. ಇಂಥ ಬೋಟಿಗೆ ಶೇಕಡಾ 10ರಿಂದ 15 ಸ್ಲಿಪ್ ಇದ್ದರೆ ಆರೋಗ್ಯ. ನನ್ನದು 19 ಇತ್ತು. ಈ ಲೆಕ್ಕದಿಂದ ನನಗೆ ಎರಡು ವಿಷಯ ಸಿಕ್ಕಿತು. ಒಂದು, 5100 ಅಂದರೆ ಮ್ಯಾನ್ಯುಯಲ್ ಹೇಳುವ ಮಿತಿಯ ತಳಕ್ಕೇ ಹತ್ತಿರ, ಇಂಜಿನ್ ಪೂರ್ತಿ ಸುತ್ತುತ್ತಿಲ್ಲ. ಎರಡು, ಸುತ್ತಿದಷ್ಟೂ ಬೋಟನ್ನು ಮುಂದೆ ತಳ್ಳುವುದಕ್ಕೆ ಸಿಗುತ್ತಿಲ್ಲ. ಅಂದರೆ ಬೋಟಿಗೆ ಏನೋ ಅಡ್ಡ ಇದೆ.

ಇಂಥ ಬೋಟು ನಿಧಾನಕ್ಕೆ ಹೋಗುವಾಗ ನೀರನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಥ್ರಾಟಲ್ ಜಾಸ್ತಿ ಮಾಡಿದಾಗ ಮೂತಿ ಎತ್ತಿ, ತಾನೇ ಎಬ್ಬಿಸಿದ ಅಲೆ ಹತ್ತಿ, ನೀರಿನ ಮೇಲೆ ಜಾರೋಕೆ ಶುರು ಮಾಡುತ್ತದೆ. ಇದೇ ಪ್ಲೇನಿಂಗ್. ಅಲ್ಲಿಂದ ಮುಂದೆ ಸ್ಪೀಡೆಲ್ಲಾ ನಿಂತಿರೋದು ಬೋಟಿನ ಮೈ ಎಷ್ಟು ಒದ್ದೆಯಾಗಿದೆ ಅನ್ನುವುದರ ಮೇಲೆ. ಆಸ್ಟ್ರೇಲಿಯಾದ ಕೆನ್ ವಾರ್ಬಿ 1978ರಲ್ಲಿ ನೀರಿನ ಮೇಲೆ ಗಂಟೆಗೆ 511 ಕಿಲೋಮೀಟರ್ ಹೋದದ್ದು ಜೆಟ್ ಇಂಜಿನ್ನಿನಿಂದ ನಿಜ, ಆದರೆ ಅವರ ಬೋಟು ಅಷ್ಟು ಸ್ಪೀಡಿನಲ್ಲಿ ನೀರನ್ನು ಮುಟ್ಟಿದ್ದೂ ಅಲ್ಲಲ್ಲಿ ಒಂದಿಷ್ಟೇ. ನನ್ನ ಬೋಟು ನೀರನ್ನು ಅಪ್ಪಿಕೊಂಡು ಕೂತಿತ್ತು.

ಮೊದಲು ತೂಕ. ಟ್ರೇಲರ್ ಸಮೇತ ಲಾರಿ ತೂಗುವ ಕಡೆ ಒಯ್ದು ತೂಗಿಸಿದೆ. ಆಮೇಲೆ ಖಾಲಿ ಟ್ರೇಲರ್ ತೂಗಿಸಿ ಕಳೆದೆ. ಲೆಕ್ಕಕ್ಕಿಂತ 120 ಕಿಲೋ ಜಾಸ್ತಿ! ಸೀಟಿನ ಕೆಳಗೆ ಎರಡನೇ ಲಂಗರು, ಯಾವತ್ತೂ ಬಳಸದ ಹಗ್ಗದ ಸುರುಳಿಗಳು, ಸತ್ತ ಬ್ಯಾಟರಿ, ಉಪಕರಣದ ಪೆಟ್ಟಿಗೆ. ಹಳೇ ಮನೆಯ ಅಟ್ಟದ ಹಾಗಿತ್ತು. ಅದರ ಜೊತೆಗೆ ತಳದ ಹಲಗೆಯ ಕೆಳಗೆ ನೀರು. ಪಂಪ್ ಎತ್ತಲಾಗದ ಮೂಲೆಯಲ್ಲಿ ಅದು ಸುಮ್ನೆ ಕೂತಿತ್ತು. ಟ್ರೇಲರಿನ ಮೂತಿ ಎತ್ತಿ, ಹಿಂದಿನ ಬಿರಡೆ ಬಿಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆಯೂ ಇನ್ನೂ ತೊಟ್ಟಿಕ್ಕುತ್ತಿತ್ತು. ಹಳೇ ಬೋಟುಗಳಲ್ಲಿ ಒಳಗಿನ ಫೋಮೇ ನೀರು ಕುಡಿದಿರುತ್ತದೆ. ಆಗ ನೆಲ ಕಿತ್ತು ತೆಗೆಯದೆ ಗತಿಯಿಲ್ಲ. ನನ್ನದು ಅಲ್ಲಿಗೆ ಹೋಗಿರಲಿಲ್ಲ, ಪುಣ್ಯ. ತೂಕ ಇಳಿದ ಮೇಲೆ 48 ಕಿಲೋಮೀಟರ್, 5200 ಆರ್‌ಪಿಎಂ.

ಆಮೇಲೆ ತಳ. ಬೋಟನ್ನು ತಿಂಗಳುಗಟ್ಟಲೆ ನೀರಿನಲ್ಲೇ ಕಟ್ಟಿರುತ್ತಿದ್ದೆ. ಕಣ್ಣಿಗೆ ಅಷ್ಟೇನೂ ಕಾಣದ ಪಾಚಿ, ಕೈಯಾಡಿಸಿದರೆ ಲೋಳೆ. ಇಷ್ಟು ತೆಳುವಾದ ಲೋಳೆ ಏನು ಮಾಡೀತು ಅಂತ ನಾನೂ ನಂಬಿರಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದೆ. 50 ಕಿಲೋಮೀಟರ್, 5300 ಆರ್‌ಪಿಎಂ. ಖರ್ಚು, ಒಂದು ಬ್ರಶ್ ಮತ್ತು ಬೆನ್ನುನೋವು. ತಳ ಉಜ್ಜುವಾಗಲೇ ಉದ್ದನೆಯ ನೇರ ಪಟ್ಟಿಯೊಂದನ್ನು ಹಿಂದಿನ ಒಂದೂವರೆ ಮೀಟರಿಗೆ ಹಿಡಿದು ನೋಡಿದೆ. ಟ್ರೇಲರಿನ ಆಸರೆ ಬೋಟಿನ ಹಿಂದಿನ ತುದಿಯವರೆಗೆ ಇಲ್ಲದಿದ್ದರೆ ತಳ ಅಲ್ಲಿ ಬಾಗುತ್ತದೆ. ತುದಿ ಕೆಳಗೆ ಬಗ್ಗಿದರೆ ಅದು ಹಿಂಬದಿಯನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ. ನನ್ನದು ನೇರವಾಗಿತ್ತು.

ಇಷ್ಟಾದರೂ ಇಂಜಿನ್ 5300ಕ್ಕೇ ನಿಂತಿತ್ತಲ್ಲ, ಅದು ತಲೆ ತಿನ್ನುತ್ತಿತ್ತು. ಸ್ಪಾರ್ಕ್ ಪ್ಲಗ್, ಫ್ಯುಯೆಲ್ ಫಿಲ್ಟರ್, ಟ್ಯಾಂಕಿನ ಗಾಳಿ ತೂತು ಎಲ್ಲಾ ನೋಡಿದೆ. ಪ್ರೊಪೆಲ್ಲರಿನ ನಡುವಿನ ರಬ್ಬರ್ ಹಬ್ ಜಾರುತ್ತಿದೆಯೇನೋ ಅಂತಲೂ ಅನುಮಾನ ಬಂತು. ಹಾಗೇನಾದರೂ ಆಗಿದ್ದರೆ ಆರ್‌ಪಿಎಂ ಏರಬೇಕಿತ್ತು, ಇಳಿಯಬಾರದಿತ್ತು. ಆದರೂ ಒಳಗಿನ ಹಬ್‌ನಿಂದ ಹೊರಗಿನ ಕೊಳವೆಯವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದು ಓಡಿಸಿ ಬಂದೆ. ಗೆರೆ ಮುರಿದಿರಲಿಲ್ಲ. ಹಬ್ ಗಟ್ಟಿಯಾಗಿತ್ತು.

ಕೊನೆಗೆ ಸಿಕ್ಕಿದ್ದು ಬೋಟನ್ನು ದಡಕ್ಕೆ ತಂದು, ಇಂಜಿನ್ ಆಫ್ ಮಾಡಿದಾಗ. ನನ್ನ ಗೆಳೆಯ ಇಂಜಿನ್ನಿನ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದ. ಪ್ರೊಪೆಲ್ಲರನ್ನು ಕೈಯಲ್ಲಿ ಒಂಚೂರು ತಿರುಗಿಸಿ ಗೇರ್ ಕೂರಿಸಿದೆವು. ನಾನು ಲಿವರನ್ನು ತುದಿಯವರೆಗೆ ತಳ್ಳಿದೆ.

"ಇನ್ನೂ ತಳ್ಳೋ."

"ತಳ್ಳಿದೀನಿ ಕಣೋ, ಇದಕ್ಕಿಂತ ಮುಂದೆ ಹೋಗಲ್ಲ."

"ನಿನ್ನ ಕೈ ಫುಲ್ ಆಗಿದೆ, ಇಂಜಿನ್ ಮಾತ್ರ ಫುಲ್ ಆಗಿಲ್ಲ, ಬಂದು ನೋಡು."

ಥ್ರಾಟಲ್ ತೋಳು ಕೊನೆಯ ತಡೆಗೆ ಮುಟ್ಟುತ್ತಲೇ ಇರಲಿಲ್ಲ. ನಡುವೆ ಬೆರಳು ತೂರುವಷ್ಟು ಜಾಗ. ಕೇಬಲ್ ಎಳೆದುಕೊಂಡು ಸಡಿಲವಾಗಿತ್ತು. ಇಷ್ಟು ದಿನ ನಾನು ಫುಲ್ ಥ್ರಾಟಲ್ ಅಂತ ಬರೆದುಕೊಂಡದ್ದೆಲ್ಲಾ ಮುಕ್ಕಾಲು ಥ್ರಾಟಲ್ಲೋ ಏನೋ! ಕೇಬಲ್ ತುದಿಯ ಅಡ್ಜಸ್ಟರನ್ನು ನಾಲ್ಕಾರು ಸುತ್ತು ತಿರುಗಿಸಿ ಸರಿ ಮಾಡಿದೆವು. ಲಿವರ್ ಹಿಂದಕ್ಕೆ ತಂದಾಗ ಇಂಜಿನ್ ಸರಿಯಾಗಿ ಐಡಲ್‌ಗೆ ಇಳಿಯುತ್ತದಾ ಅಂತಲೂ ನೋಡಿದೆವು. ಮಾರನೇ ದಿನ 53 ಕಿಲೋಮೀಟರ್, 5600 ಆರ್‌ಪಿಎಂ. ಈ ಕೆಲಸ ಮೊದಲ ದಿನವೇ ಮಾಡಬೇಕಿತ್ತು. ಪ್ರೊಪೆಲ್ಲರ್ ದುಡ್ಡು ಉಳಿಯುತ್ತಿತ್ತು.

ಉಳಿದಿದ್ದು ಇಂಜಿನ್ನಿನ ಎತ್ತರ ಮತ್ತು ಟ್ರಿಮ್, ಅಂದರೆ ಇಂಜಿನ್ನನ್ನು ಬೋಟಿನ ಕಡೆಗೆ ಒಳಗೆ ಅಥವಾ ಹೊರಗೆ ಎಷ್ಟು ವಾಲಿಸಿದ್ದೀವಿ ಅನ್ನೋದು. ಪ್ರೊಪೆಲ್ಲರಿನ ಮೇಲೆ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಬೋಟು ಓಡುವಾಗ ಅದು ನೀರಿನ ಮಟ್ಟಕ್ಕೆ ಸಮವಾಗಿ, ನೀರು ಅದರ ಮೇಲೆ ತೆಳ್ಳಗೆ ಹರಿಯುವ ಹಾಗಿದ್ದರೆ ಚೆನ್ನ. ನನ್ನದು ಪೂರ್ತಿ ಮುಳುಗಿತ್ತು. ಗೇರ್ ಕೇಸ್ ಅನ್ನೋ ಅಷ್ಟು ದೊಡ್ಡ ಲೋಹದ ಮೂಟೆಯನ್ನು ಬೇಕಿಲ್ಲದಷ್ಟು ಆಳದಲ್ಲಿ ಎಳೆಯುತ್ತಿದ್ದೆ. ಇಂಜಿನ್ನನ್ನು ಬೋಟಿಗೆ ಬಿಗಿಯುವ ಸಾಲು ತೂತುಗಳಲ್ಲಿ ಒಂದು ತೂತಿನಷ್ಟು, ಅಂದರೆ ಮುಕ್ಕಾಲು ಇಂಚು ಇಂಜಿನ್ ಎತ್ತಿದೆ. 54.5 ಬಂತು. ಇನ್ನೊಂದು ತೂತು ಎತ್ತಿ ನೋಡುವ ಆಸೆ ತಡೆಯಲಾಗಲಿಲ್ಲ. ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ನುಂಗಿತು. ಇಂಜಿನ್ ಚೀರಿತು, ಬೋಟು ನಿಂತೇಹೋದಂತಾಯಿತು. ತಣ್ಣಗಿಡುವ ನೀರು ಒಳಗೆ ಹೋಗುವ ಕಿಂಡಿಯೂ ಮೇಲೇರುತ್ತದೆ, ಇಂಜಿನ್ ಸುಟ್ಟೀತು. ಹಿಂದಿನ ತೂತಿಗೇ ವಾಪಸ್ ಬಂದೆ.

ಟ್ರಿಮ್ ಕೈಗೆ ಹತ್ತೋದಕ್ಕೆ ಟೈಮ್ ಬೇಕು. ಇಂಜಿನ್ನನ್ನು ಒಳಗೆ ಎಳೆದಿಟ್ಟು ಓಡಿಸೋದು ನನ್ನ ಅಭ್ಯಾಸವಾಗಿತ್ತು. ಬೋಟು ಬೇಗ ಪ್ಲೇನಿಂಗ್‌ಗೆ ಬರುತ್ತದೆ, ಆದರೆ ಮೂತಿ ಕೆಳಗೇ ಇರುತ್ತದೆ. ಈಗ ಪ್ಲೇನಿಂಗ್‌ಗೆ ಬಂದ ಮೇಲೆ ಬಟನ್ನನ್ನು ಸ್ವಲ್ಪ ಸ್ವಲ್ಪವೇ ಒತ್ತಿ ಇಂಜಿನ್ ಹೊರಗೆ ಬಿಡುತ್ತೇನೆ. ಮೂತಿ ಏಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಜಿಪಿಎಸ್ ಏರುತ್ತದೆ. ಒಂದು ಹಂತ ದಾಟಿದರೆ ಬೋಟು ಕುದುರೆಯ ಹಾಗೆ ಮೇಲೆ ಕೆಳಗೆ ಕುಣಿಯೋಕೆ ಶುರು. ಇನ್ನೂ ಬಿಟ್ಟರೆ ಆರ್‌ಪಿಎಂ ಮಾತ್ರ ಏರಿ ಸ್ಪೀಡ್ ಇಳಿಯುತ್ತದೆ. ಕುಣಿತ ಶುರುವಾಗುವುದಕ್ಕಿಂತ ಒಂಚೂರು ಹಿಂದೆ ನಿಲ್ಲಿಸಬೇಕು. 56 ಕಿಲೋಮೀಟರ್, 5750 ಆರ್‌ಪಿಎಂ. ಲೆಕ್ಕ ಹಾಕಿದರೆ ಸ್ಲಿಪ್ ಶೇಕಡಾ 12ರ ಆಸುಪಾಸು.

ಎಲ್ಲಾ ದಿನವೂ 56 ಬರುತ್ತೆ ಅಂತಲ್ಲ. ಸೆಕೆ ಜಾಸ್ತಿಯಿದ್ದ ದಿನ ಗಾಳಿ ತೆಳ್ಳಗಿರುತ್ತದೆ, ಇಂಜಿನ್ ಒಂದು ಚೂರು ಸೋಲುತ್ತದೆ. ಬೆಟ್ಟದ ಮೇಲಿನ ಕೆರೆಗೆ ಒಯ್ದರೆ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಶಕ್ತಿ ಹೋಗುತ್ತದೆ. ಅಲ್ಲಿಗೆ ಪಿಚ್ ಕಮ್ಮಿಯಿರುವ ಪ್ರೊಪೆಲ್ಲರ್ ಬೇಕಾಗುತ್ತದೆ. ಮೇಲಿನ ಬಟ್ಟೆ ಚಾವಣಿ ಬಿಡಿಸಿಟ್ಟರೆ ಅದೇ ಒಂದು ಹಾಯಿಯ ಥರ ಹಿಂದಕ್ಕೆ ಎಳೆಯುತ್ತದೆ. ಕನ್ನಡಿಯಂಥ ನೀರಿಗಿಂತ ಸಣ್ಣ ಅಲೆ ಇದ್ದಾಗಲೇ ನನ್ನ ಬೋಟು ಚುರುಕು. ತಳಕ್ಕೆ ಗಾಳಿ ಸೇರಿ ನೀರಿನ ಹಿಡಿತ ಸಡಿಲವಾಗುತ್ತದೆ.

ಈಗ ಗೆಳೆಯ 115 ಹೆಚ್‌ಪಿ ಇಂಜಿನ್ ಹಾಕೋಣ ಅಂತ ಗಂಟು ಬಿದ್ದಿದ್ದಾನೆ. ಬೋಟಿಗೆ ಅಂಟಿಸಿರುವ ಫಲಕದ ಮೇಲೆ ಬರೆದಿರುವ ಇಂಜಿನ್ ಶಕ್ತಿಯ ಗರಿಷ್ಠ ಮಿತಿ 115, ಹಾಗಾಗಿ ಹಾಕಬಹುದು. ಆದರೆ ಪ್ಲೇನಿಂಗ್ ಬೋಟಿನ ಸ್ಪೀಡ್ ಶಕ್ತಿಯ ವರ್ಗಮೂಲದಷ್ಟೇ ಏರುತ್ತದೆ. ಸ್ಪೀಡ್ ಎರಡು ಪಟ್ಟು ಬೇಕಾದರೆ ನಾಲ್ಕು ಪಟ್ಟು ಶಕ್ತಿ. 90ರಿಂದ 115ಕ್ಕೆ ಹೋದರೆ 56 ಇದ್ದದ್ದು 63 ಆಗಬಹುದು, ಇಂಜಿನ್ ತೂಕ ಜಾಸ್ತಿಯಾದರೆ ಅದೂ ಇಲ್ಲ. ಏಳು ಕಿಲೋಮೀಟರಿಗೆ ಹೊಸ ಇಂಜಿನ್ ದುಡ್ಡು. ಸದ್ಯಕ್ಕೆ ಬೇಡ ಅಂದಿದ್ದೇನೆ. 19ರ ಪ್ರೊಪೆಲ್ಲರ್ ಶೆಡ್ಡಿನ ಗೋಡೆಯ ಮೊಳೆಗೆ ನೇತಾಡುತ್ತಿದೆ. ಅವನು ಬಂದಾಗಲೆಲ್ಲಾ ಅದನ್ನು ಒಂದು ಸುತ್ತು ತಿರುಗಿಸಿ, "115 ಬಂದರೆ ಇದು ಕೆಲಸಕ್ಕೆ ಬರುತ್ತೆ ಕಣೋ" ಅಂತಾನೆ.