ಸಿಲ್ವರ್ ಕಡಿದ ಜಾಗಕ್ಕೆ ಯಾವ ಮರ?

ಮಾರ್ಚ್ ತಿಂಗಳಲ್ಲಿ, ಕಾಫಿ ಹೂವರಳಿಸುವ ಹೂಮಳೆಗೆ ಕಾಯುತ್ತಾ ಆಕಾಶ ನೋಡುವ ದಿನಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ತೋಟಕ್ಕೆ ಇಳಿಯಿರಿ. ಬರೀ ಸಿಲ್ವರ್ ಓಕ್ ಇರುವ ಕಡೆ ನೆಲ ಕಾದಿರುತ್ತದೆ, ರೋಬಸ್ಟಾ ಕಾಫಿಯ ಎಲೆ ಜೋತುಬಿದ್ದಿರುತ್ತದೆ. ಅಲ್ಲಿಂದ ಹಳೆಯ ಅತ್ತಿಮರದ ಬುಡಕ್ಕೆ ಹೋಗಿ, ಕೂತು, ಕೈಯಿಂದ ದರಗು ಸರಿಸಿ. ಮೇಲಿನ ಎಲೆ ಗರಿಗರಿ. ಅದರ ಕೆಳಗಿನದು ಕಪ್ಪಗೆ, ಮೆತ್ತಗೆ. ಇನ್ನೂ ಕೆಳಗೆ ಬಿಳಿ ಬೂಷ್ಟಿನ ಎಳೆ ಹಬ್ಬಿದ ಮಣ್ಣು, ಬೆರಳಿಗೆ ತಣ್ಣಗೆ ತಗಲುತ್ತದೆ. ಪ್ರತಿ ಬೇಸಿಗೆಯಲ್ಲೂ ನಮ್ಮ ತೋಟದಲ್ಲಿ ಇದನ್ನು ಮಾಡಿ ನೋಡುತ್ತೇನೆ. ನೆರಳಿನ ಬಗ್ಗೆ ನನಗಿದ್ದ ಅನುಮಾನಗಳೆಲ್ಲ ತೀರಿದ್ದು ಹೀಗೆ.

ಹವಾಮಾನ ಬದಲಾವಣೆಯನ್ನು ತಗ್ಗಿಸಲು ಮರ ನೆಡಿ ಎಂದು ಎಲ್ಲರೂ ಹೇಳುತ್ತಾರೆ. ಕೊಡಗಿನ ಬೆಳೆಗಾರ ಅದಕ್ಕಾಗಿ ಬೇರೆ ಜಾಗ ಹುಡುಕಬೇಕಿಲ್ಲ. ಮರದ ಕೆಳಗೆ ಕಾಫಿ, ಮರದ ಮೈಮೇಲೆ ಕರಿಮೆಣಸು, ತಗ್ಗಿನ ತಂಪಿನಲ್ಲಿ ಏಲಕ್ಕಿ: ಕೃಷಿ ಅರಣ್ಯ ಎಂದರೆ ಇದೇ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಒಂದು ಟನ್ ಇಂಗಾಲವೆಂದರೆ ಗಾಳಿಯಿಂದ ಹೀರಿಕೊಂಡ 3.67 ಟನ್ ಇಂಗಾಲದ ಡೈಆಕ್ಸೈಡ್. ಒಣತೂಕ ಎರಡು ಟನ್ ಇರುವ ಒಂದು ನಂದಿ ಮರ ಅಷ್ಟನ್ನು ತನ್ನೊಳಗೆ ಹಿಡಿದು ನಿಂತಿರುತ್ತದೆ. ಅದನ್ನು ಉಳಿಸುವುದೇ ದೊಡ್ಡ ಕೆಲಸ, ಹೊಸ ಸಸಿಯ ಮಾತು ಆಮೇಲೆ.

ಮೊದಲು ಎಣಿಸಿ

ಬಿಸಿಲಿರುವ ದಿನ ಒಂದು ಟೇಪು, ಒಂದು ನೋಟ್‌ಬುಕ್ ಹಿಡಿದು ಹೊರಡಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಪ್ರತಿ ಮರದ ಸುತ್ತಳತೆ ತೆಗೆದು, ಜಾತಿಯ ಹೆಸರು ಬರೆದುಕೊಳ್ಳಿ. ಇಳಿಜಾರಾದರೆ ಮೇಲ್ಬದಿಯಲ್ಲಿ ನಿಂತು ಅಳೆಯಿರಿ. ಬಿಸಿಲು ನೇರವಾಗಿ ಬೀಳುವ ಕಂಡಿಗಳನ್ನೂ ಗುರುತು ಹಾಕಿ. ಹತ್ತರಲ್ಲಿ ಎಂಟು ಮರ ಸಿಲ್ವರ್ ಎಂದು ಲೆಕ್ಕ ಬಂದರೆ ಗಾಬರಿ ಬೇಡ, ಆದರೆ ಬದಲಾವಣೆ ಶುರುವಾಗಬೇಕಾದ್ದು ಅಲ್ಲಿಂದಲೇ.

ಆಸ್ಟ್ರೇಲಿಯಾದಿಂದ ಬಂದ ಈ ಮರವನ್ನು ನಮ್ಮವರು ಸುಮ್ಮನೆ ನೆಟ್ಟಿಲ್ಲ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬುತ್ತದೆ, ಕಡಿಯಲು ಅನುಮತಿಗೆ ಅಲೆಯಬೇಕಿಲ್ಲ. ಕಾಡುಮರಗಳ ವಿಷಯ ಹಾಗಲ್ಲ. ಗದ್ದೆಗೆ ಸೇರಿಸಿ ಹಿಂದೆ ಬಿಟ್ಟುಕೊಟ್ಟ ಕಾಡುಜಾಗವಾದ ಬಾಣೆಯಲ್ಲಿ ಮರದ ಹಕ್ಕು ಯಾರದು ಎಂಬ ಪ್ರಶ್ನೆಯೇ ತಲೆಮಾರುಗಳಿಂದ ಎಳೆದಾಡುತ್ತಿದೆ. ತಾನು ನೆಟ್ಟ ಮರ ತನ್ನದಾಗದು ಎಂಬ ಭಯ ಇರುವವನು ಹೊನ್ನೆ, ಬೀಟೆ ನೆಡುವುದಾದರೂ ಹೇಗೆ? ಆದ್ದರಿಂದ ನೆಡುವ ಮೊದಲೇ ಪಹಣಿ ತೆಗೆಸಿ ನೋಡಿ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ, ನೆಟ್ಟದ್ದನ್ನು ದಾಖಲೆ ಮಾಡಿಸಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ ಅರಣ್ಯ ಇಲಾಖೆಯ ನರ್ಸರಿ ಸಸಿ ಸಿಗುತ್ತದೆ, ಬದುಕುಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಬರುತ್ತದೆ.

ಒಂದು ಹೋದಲ್ಲಿ ಒಂದು

ಇದ್ದ ಸಿಲ್ವರ್ ಎಲ್ಲವನ್ನೂ ಒಂದೇ ವರ್ಷ ಕಡಿದರೆ ಬಿಸಿಲಿಗೆ ಕಾಫಿ ಬೇಯುತ್ತದೆ. ಅರೇಬಿಕಾ ತೋಟವಾದರೆ ಬಿಳಿ ಕಾಂಡಕೊರಕ ಹುಳಕ್ಕೆ ಬಾಗಿಲು ತೆರೆದಂತೆ. ಹಾಗಾಗಿ ಮಾರಾಟಕ್ಕೆ ಬಂದ ಮರವನ್ನು ಮಾತ್ರ ತೆಗೆಯಿರಿ. ಆ ಜಾಗಕ್ಕೆ ಅದೇ ಮಳೆಗಾಲ ನಾಡಮರ ಬರಲಿ.

ಯಾವ ಮರ? ನೆರಳಿಗೂ ಗೊಬ್ಬರಕ್ಕೂ ಅತ್ತಿ, ಗೋಣಿ, ಬಸರಿಯನ್ನು ಮೀರಿಸಿದ್ದಿಲ್ಲ. ಇವುಗಳ ಹಣ್ಣಿಗೆ ಬರುವ ಹಕ್ಕಿಗಳು ತೋಟದ ತುಂಬ ಬೀಜ ಹರಡುತ್ತವೆ. ಮೆಣಸಿಗೆ ಹಲಸು ಒಳ್ಳೆಯ ಆಸರೆ. ನಂದಿ ಮರ ಚೆಂದ, ಮೋಪಿಗೂ ಬೆಲೆಯಿದೆ, ಆದರೆ ಅದರ ತೊಗಟೆ ಸುಲಿದು ಬೀಳುವುದರಿಂದ ಬಳ್ಳಿಗೆ ಹಿಡಿತ ಸಿಗದು. ಅದನ್ನು ಮರವಾಗಿಯೇ ಬೆಳೆಸಿ. ಹೊನ್ನೆ, ನೇರಳೆ, ಹೆಬ್ಬಲಸು, ಸಂಪಿಗೆ ನಡುನಡುವೆ ಇರಲಿ. ಆನೆ ಓಡಾಡುವ ಕಡೆಯವರಿಗೆ ಒಂದು ಮಾತು: ಹಲಸನ್ನು ಕಾರ್ಮಿಕರ ಲೈನ್‌ಮನೆ, ಕಣ, ನಡೆಯುವ ದಾರಿ ಇವುಗಳಿಂದ ದೂರದಲ್ಲಿ ನೆಡಿ. ಹಣ್ಣಿನ ವಾಸನೆಗೆ ಬರುವ ಆನೆಗೆ ಬೆಳಗಿನ ಜಾವ ಎದುರಾಗುವವರು ಕೆಲಸಕ್ಕೆ ಹೊರಟ ನಮ್ಮವರೇ.

ಗುಂಡಿಯನ್ನು ಬೇಸಿಗೆಯಲ್ಲೇ ಒಂದೂವರೆ ಅಡಿ ಚೌಕಕ್ಕೆ ತೆಗೆದು ಬಿಡಿ. ದೊಡ್ಡದಾಗುವ ಮರಗಳ ನಡುವೆ ಸುಮಾರು 40 ಅಡಿ ಅಂತರ ಬೇಕು. ಜೂನ್‌ನಲ್ಲಿ ಮಣ್ಣು ನೆನೆದ ಮೇಲೆ ನೆಟ್ಟರೆ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಜಡಿಮಳೆಯ ಹೊತ್ತಿಗೆ ಬೇರು ಹಿಡಿದಿರುತ್ತದೆ. ಗೋಣಿ, ಬಸರಿಯ ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆ. ನೇರಳೆ, ಹಲಸಿನ ಸಸಿ ತಾಯಿಮರದ ಬುಡದಲ್ಲೇ ಹುಟ್ಟಿರುತ್ತದೆ, ಮಣ್ಣುಸಹಿತ ಎತ್ತಿ ತನ್ನಿ. ದೇವರಕಾಡಿನಿಂದ ಮಾತ್ರ ಏನನ್ನೂ ತರಬೇಡಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ಇಂದಿಗೂ ಇರುವುದು, ಕಡಿಯಬಾರದು, ತರಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರಿಂದ.

ನೆಟ್ಟ ಸಸಿಯ ದೊಡ್ಡ ಶತ್ರು ಕಳೆ ಹೊಡೆಯುವ ಮೆಷಿನ್. ಎರಡು ವರ್ಷ ಸಾಕಿದ ಹೊನ್ನೆ ಸಸಿಯೊಂದು ನನ್ನ ಕಣ್ಣೆದುರೇ ಒಂದು ಕ್ಷಣದಲ್ಲಿ ತುಂಡಾಯಿತು. ಕಾಡುಗಿಡಗಳ ನಡುವೆ ಅದು ಆಳಿನ ಕಣ್ಣಿಗೆ ಬಿದ್ದಿರಲೇ ಇಲ್ಲ. ಅಂದಿನಿಂದ ಪ್ರತಿ ಸಸಿಗೂ ಎದೆಮಟ್ಟದ ಗೂಟ, ಗೂಟದ ತುದಿಗೆ ಕೆಂಪು ಬಟ್ಟೆ. ಸುತ್ತ ಎರಡಡಿ ಜಾಗದ ಕಳೆಯನ್ನು ಕತ್ತಿಯಲ್ಲೇ ತೆಗೆಸುತ್ತೇನೆ.

ನಾಡಮರ ಮೇಲೇಳಲು ವರ್ಷಗಳು ಬೇಕು. ಅಲ್ಲಿಯವರೆಗೆ ಹಾಲುವಾಣದ ಗೂಟ ನೆಡಿ. ಮಳೆ ಹಿಡಿಯುವ ಮೊದಲು ಅದರ ಕೊಂಬೆ ಸವರಿ ಸೊಪ್ಪನ್ನು ಗಿಡದ ಬುಡಕ್ಕೆ ಹಾಕಿ, ಬೇಸಿಗೆಗೆ ಮತ್ತೆ ನೆರಳು ಕಟ್ಟುತ್ತದೆ. ಬೇಳೆಕಾಳಿನ ಕುಲದ ಈ ಮರ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಅಷ್ಟರಮಟ್ಟಿಗೆ ಯೂರಿಯಾ ಕಡಿಮೆ ಮಾಡಬಹುದು. ಇದು ಖರ್ಚಿನ ಉಳಿತಾಯ ಮಾತ್ರವಲ್ಲ: ಮಣ್ಣಿಗೆ ಬಿದ್ದ ಹೆಚ್ಚುವರಿ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಮೇಲೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಆ ಅನಿಲ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ.

ಮರಗಸಿ, ಮಣ್ಣು

ನೆರಳು ಹೆಚ್ಚಾದರೂ ಕಷ್ಟವೇ. ಮಳೆಗಾಲದಲ್ಲಿ ಗಾಳಿಬೆಳಕಿಲ್ಲದ ತೋಟಕ್ಕೆ ಕೊಳೆರೋಗ ಬರುತ್ತದೆ. ಮುಂಗಾರಿಗೆ ಮೊದಲು ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವ ಕೆಲಸ, ಮುಗಿಸಿ. ಕೆಳಗಿನ ಕೊಂಬೆ ತೆಗೆದು ಹಂದರವನ್ನು ಎತ್ತರಕ್ಕೆ ಏರಿಸಿ, ತಲೆ ಬೋಳಿಸಬೇಡಿ. ಅರೇಬಿಕಾಗೆ ನೆರಳು ತುಸು ದಟ್ಟ, ರೋಬಸ್ಟಾಗೆ ತೆಳು. ಕಡಿದ ಸೊಪ್ಪುಸದೆಗೆ ಬೆಂಕಿ ಹಾಕುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಣ್ಣಿಗೆ ಇಳಿಯಬೇಕಾದ ಇಂಗಾಲ ಹೊಗೆಯಾಗಿ ಹೋಗುತ್ತದಲ್ಲ.

ಮಳೆ ಇಳಿಮುಖವಾಗುವಾಗ, ಮಣ್ಣು ಹದವಾಗಿರುವಾಗ, ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆಸಿ: ಒಂದಡಿ ಅಗಲ, ಒಂದೂವರೆ ಅಡಿ ಆಳ. ದರಗು ಅದರಲ್ಲಿ ತುಂಬಿ ಕೊಳೆಯಲಿ. ಆದರೆ ಕಡಿದಾದ ಬರೆಯ ಮೇಲೆ, ನೆಲದಲ್ಲಿ ಬಿರುಕು ಕಂಡ ಕಡೆ ಗುಂಡಿ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ್ದನ್ನು ನೋಡಿದವರಿಗೆ ನೀರು ಕುಡಿದ ಮಣ್ಣಿನ ಭಾರ ಗೊತ್ತು. ಅಂಥಲ್ಲಿ ನೀರು ಸರಾಗವಾಗಿ ಹರಿದುಹೋಗಲು ಚರಂಡಿ ಮಾಡಿ, ಇರುವ ಮರ ಮುಟ್ಟಬೇಡಿ, ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ಕೊರೆಯಬೇಡಿ.

ಅನುಮಾನವಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು ಹತ್ತಿರದಲ್ಲೇ ಇವೆ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಅದೇ ಮರಕ್ಕೆ, ಅದೇ ಎತ್ತರದಲ್ಲಿ ಟೇಪು ಸುತ್ತಿ ಹೊಸ ಅಳತೆಯನ್ನು ಹಳೆಯದರ ಪಕ್ಕ ಬರೆಯಿರಿ.