ಅಕ್ಕಂದು ಐಫೋನ್, ಅಮ್ಮಂದು ಆಂಡ್ರಾಯ್ಡ್: ಮೆಸೇಜ್ ಯಾವ ದಾರೀಲಿ ಹೋಗ್ತಿದೆ ಅಂತ ನೋಡ್ಕೊಳ್ಳೋದು ಹೇಗೆ

ಹೋದ ಮಳೆಗಾಲದಲ್ಲಿ ನಮ್ಮನೆ ಕಡೆ, ಹೊಸನಗರದಿಂದ ಒಳಗೆ, ಎರಡು ದಿನ ಕರೆಂಟ್ ಇರ್ಲಿಲ್ಲ, ಟವರಿನ ಬ್ಯಾಟರಿನೂ ಖಾಲಿ ಆಗ್ತಾ ಬಂದು ಡೇಟಾ ಅನ್ನೋದು ಬರ್ತಾನೂ ಇತ್ತು ಹೋಗ್ತಾನೂ ಇತ್ತು. ಬೆಂಗಳೂರಲ್ಲಿರೋ ಅಕ್ಕಂಗೆ ಅಮ್ಮನ ಎಟಿಎಂ ಪಿನ್ ಬೇಕಿತ್ತು, ಕಾರ್ಡ್ ಅವಳ ಹತ್ರಾನೇ ಇತ್ತು. ಅಮ್ಮ ವಾಟ್ಸಾಪಲ್ಲಿ ಕಳ್ಸಿದ್ರೆ ಬರೀ ಗಡಿಯಾರದ ಗುರುತು, ಹೋಗ್ಲೇ ಇಲ್ಲ. ಸರಿ ಅಂತ ಮಾಮೂಲಿ ಮೆಸೇಜ್ ಆ್ಯಪಲ್ಲಿ ನಾಲ್ಕು ಅಂಕಿ ಟೈಪ್ ಮಾಡಿ ಕಳ್ಸಿದ್ರು, ಥಟ್ ಅಂತ ಹೋಯ್ತು. ಅದು ಎಸ್ಸೆಮ್ಮೆಸ್ ಆಗಿ ಹೋಗಿದ್ದು ಅಂತ ಗೊತ್ತಾಗಿದ್ದು ನಾನು ಮನೆಗೆ ಹೋಗಿ ಫೋನ್ ನೋಡಿದ ಮೇಲೆ. ಅವತ್ತೇ ಪಿನ್ ಬದಲಾಯಿಸಿದ್ವಿ, ಎಂತ ತೊಂದರೆನೂ ಆಗ್ಲಿಲ್ಲ, ಆದ್ರೆ ಅವತ್ತಿಂದ ನಂಗೆ ಇದನ್ನ ಎಲ್ಲರಿಗೂ ಹೇಳ್ಬೇಕು ಅನ್ನಿಸ್ತಾ ಇದೆ.

ನಮ್ಮ ಕಡೆ ಊರಿಂದ ಊರಿಗೆ ಚೀಟಿನೋ ಔಷಧಿನೋ ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳ್ಸ್ತೀವಲ್ಲ, ಎಸ್ಸೆಮ್ಮೆಸ್ ಅಂದ್ರೆ ಅದೇ, ಮಡಚದೆ ಕೊಟ್ಟ ಚೀಟಿ. ತಲುಪತ್ತೆ, ನಂಬಿಕೇನೂ ಇದೆ, ಆದ್ರೆ ಮಧ್ಯೆ ಇರೋ ಕಂಪನಿಯ ಸಿಸ್ಟಮಲ್ಲಿ ಓದೋ ಹಂಗೇ ಇರತ್ತೆ. ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಅಂದ್ರೆ ಬೀಗ ಹಾಕಿದ ಪೆಟ್ಟಿಗೆ, ಕೀಲಿಕೈ ಕಳ್ಸೋರ ಮತ್ತು ತಗೊಳ್ಳೋರ ಫೋನಲ್ಲಿ ಮಾತ್ರ. ತೊಂದರೆ ಎಲ್ಲಿ ಅಂದ್ರೆ ನಮ್ಮ ಫೋನಿನ ಮಾಮೂಲಿ ಮೆಸೇಜ್ ಆ್ಯಪುಗಳು ಡೇಟಾ ಸಿಗದಾಗ ಪೆಟ್ಟಿಗೆ ಬಿಟ್ಟು ಚೀಟಿಗೆ ಇಳಿಯತ್ವೆ, ಜೋರಾಗಿ ಹೇಳೋದೂ ಇಲ್ಲ. ಘಟ್ಟದ ಮೇಲೆ ಇರೋ ನಮ್ಗೆ ಇದು ದಿನಾ ಆಗೋ ವಿಷಯ.

ಹಂಗಾಗಿ ಮೊದಲನೇ ಕೆಲಸ, ಮೆಸೇಜ್ ಬರೆಯೋ ಬಾಕ್ಸ್ ನೋಡೋದು. ಐಫೋನಲ್ಲಿ ಟೈಪ್ ಮಾಡೋ ಜಾಗದಲ್ಲಿ ತೆಳು ಅಕ್ಷರದಲ್ಲಿ ಐಮೆಸೇಜ್ ಅಂತಲೋ, ಟೆಕ್ಸ್ಟ್ ಮೆಸೇಜ್ ಆರ್‌ಸಿಎಸ್ ಅಂತಲೋ (ಇದು ಎಸ್ಸೆಮ್ಮೆಸ್ಸಿನ ಹೊಸ ರೂಪ, ಮುಂದೆ ಹೇಳ್ತೀನಿ), ಎಸ್ಸೆಮ್ಮೆಸ್ ಅಂತಲೋ ಇರತ್ತೆ. ಐಮೆಸೇಜ್ ಅಂದ್ರೆ ಆ್ಯಪಲ್ ಕಂಪನಿದೇ ಮೆಸೇಜ್ ದಾರಿ, ಕಳ್ಸಿದ್ದು ನೀಲಿ ಗುಳ್ಳೆಯಲ್ಲಿ ಕಾಣತ್ತೆ, 2011ರಿಂದ ಇದೆ, ಬೀಗನೂ ಇದೆ, ಆದ್ರೆ ಆ್ಯಪಲ್ ಸಾಧನಗಳ ನಡುವೆ ಮಾತ್ರ. ಬೇರೆ ಎರಡೂ ಹಸಿರು ಗುಳ್ಳೆನೇ, ಅದಕ್ಕೇ ಬಣ್ಣ ನೋಡಿ ಆರ್‌ಸಿಎಸ್ ಯಾವುದು ಎಸ್ಸೆಮ್ಮೆಸ್ ಯಾವುದು ಅಂತ ಹೇಳೋಕಾಗಲ್ಲ, ಅಕ್ಷರನೇ ಓದ್ಬೇಕು. ಆಂಡ್ರಾಯ್ಡಲ್ಲಿ ಗೂಗಲ್ ಮೆಸೇಜಸ್ ಆ್ಯಪ್ ಇದ್ರೆ ಬಾಕ್ಸಲ್ಲಿ ಆರ್‌ಸಿಎಸ್ ಅಂತ ಬರತ್ತೆ, ಬೀಗ ಬಿದ್ದಿರೋ ಚಾಟ್ ಆದ್ರೆ ಕಳ್ಸೋ ಬಟನ್ ಹತ್ರ ಸಣ್ಣ ಬೀಗದ ಚಿತ್ರ ಇರತ್ತೆ. ಸೆಟ್ಟಿಂಗ್ಸಲ್ಲಿ ಆರ್‌ಸಿಎಸ್ ಚಾಟ್ಸ್ ಅನ್ನೋ ಕಡೆ ಕನೆಕ್ಟೆಡ್ ಅಂತ ಇದ್ಯಾ ನೋಡಿ. ಐಫೋನಲ್ಲಿ ಐಓಎಸ್ 18 ಅಥವಾ ಅದರ ಮೇಲಿದ್ರೆ ಸೆಟ್ಟಿಂಗ್ಸ್, ಆ್ಯಪ್ಸ್, ಮೆಸೇಜಸ್ ಒಳಗೆ ಆರ್‌ಸಿಎಸ್ ಸ್ವಿಚ್ ಹುಡುಕಿ. ನಿಮ್ಮ ಸಿಮ್ ಕಂಪನಿ ಅದನ್ನ ಕೊಡ್ತಾ ಇಲ್ಲ ಅಂದ್ರೆ ಸ್ವಿಚ್ಚೇ ಕಾಣಲ್ಲ, ಫೋನ್ ಕೆಟ್ಟಿಲ್ಲ, ಗಾಬರಿ ಬೇಡ.

ಆರ್‌ಸಿಎಸ್ ಬಗ್ಗೆ ಒಂದು ಮಾತು ಸರಿಯಾಗಿ ತಿಳ್ಕೊಳ್ಳಿ, ಇಲ್ಲೇ ಜಾಸ್ತಿ ಜನ ತಪ್ಪೋದು. ಇದು ಎಸ್ಸೆಮ್ಮೆಸ್ಸಿನ ಮುಂದಿನ ಪೀಳಿಗೆ, ಡೇಟಾ ಮೇಲೆ ಹೋಗತ್ತೆ, ಫೋಟೋ ಚೆನ್ನಾಗಿ ಹೋಗತ್ತೆ, ಓದಿದ್ರಾ ಇಲ್ವಾ ಗೊತ್ತಾಗತ್ತೆ. ಗೂಗಲ್ ತನ್ನ ಆ್ಯಪಲ್ಲಿ ಇಬ್ಬರ ನಡುವಿನ ಚಾಟಿಗೆ 2021ರಲ್ಲೇ ಬೀಗ ಕೊಟ್ಟಿತ್ತು, ಆದ್ರೆ ಅದು ಎರಡೂ ಕಡೆ ಗೂಗಲ್ ಮೆಸೇಜಸ್ ಇದ್ರೆ ಮಾತ್ರ. 2024ರ ಸೆಪ್ಟೆಂಬರಲ್ಲಿ ಐಫೋನಿಗೆ ಆರ್‌ಸಿಎಸ್ ಬಂದಾಗ ಐಫೋನ್ ಆಂಡ್ರಾಯ್ಡ್ ನಡುವೆ ಫೋಟೋ ಚೆನ್ನಾಗಾಯ್ತು, ಬೀಗ ಮಾತ್ರ ಬರ್ಲಿಲ್ಲ. ಅದೇ ವರ್ಷ ಅಮೆರಿಕದ ಟೆಲಿಕಾಂ ಕಂಪನಿಗಳ ಒಳಗೇ ಹ್ಯಾಕರುಗಳು ಹೊಕ್ಕಿದ್ದಾರೆ ಅಂತ ಗೊತ್ತಾಗಿ, ಡಿಸೆಂಬರಲ್ಲಿ ಅಲ್ಲಿನ ಸರ್ಕಾರದ ಅಧಿಕಾರಿಗಳೇ ಜನರಿಗೆ ಬೀಗ ಇರೋ ಆ್ಯಪ್ ಬಳಸಿ ಅಂದ್ರು. ಆಮೇಲೆ 2025ರ ಮಾರ್ಚಲ್ಲಿ ಮೊಬೈಲ್ ಕಂಪನಿಗಳ ಸಂಘ ಜಿಎಸ್‌ಎಂಎ, ಎಂಎಲ್‌ಎಸ್ ಅನ್ನೋ ವಿಧಾನದ ಮೇಲೆ ಎಲ್ಲಾ ಫೋನಿಗೂ ಹೊಂದೋ ಬೀಗದ ನಿಯಮ ಪ್ರಕಟಿಸ್ತು, ಆ್ಯಪಲ್ಲೂ ತರ್ತೀವಿ ಅಂತು. ನಿಯಮ ಬಂದ ಮಾತ್ರಕ್ಕೆ ನಮ್ಮನೆ ಫೋನಿಗೆ ಬೀಗ ಬಿತ್ತು ಅಂತಲ್ಲ, ಎರಡೂ ಫೋನಿನ ಸಾಫ್ಟ್‌ವೇರ್, ಆ್ಯಪ್, ಸಿಮ್ ಕಂಪನಿ ಎಲ್ಲಾ ಕೂಡಿ ಬರ್ಬೇಕು. ನಿಮ್ಮ ಚಾಟಲ್ಲಿ ಬೀಗದ ಗುರುತು ಕಣ್ಣಿಗೆ ಕಾಣೋ ತನಕ ಇಲ್ಲ ಅಂತಲೇ ಇಟ್ಕೊಳ್ಳಿ.

ಈಗ ಆ ಚೀಟಿಗೆ ಇಳಿಯೋ ವಿಷಯ. ಐಫೋನಲ್ಲಿ ಮೆಸೇಜಸ್ ಸೆಟ್ಟಿಂಗಲ್ಲಿ ಸೆಂಡ್ ಆ್ಯಸ್ ಟೆಕ್ಸ್ಟ್ ಮೆಸೇಜ್ ಅಂತ ಒಂದು ಸ್ವಿಚ್ ಇದೆ, ಅದು ಆನ್ ಇದ್ರೆ ಐಮೆಸೇಜ್ ಹೋಗದಾಗ ತಾನೇ ಮಾಮೂಲಿ ಮೆಸೇಜ್ ಮಾಡಿ ಕಳ್ಸತ್ತೆ. ಗೂಗಲ್ ಮೆಸೇಜಸಲ್ಲಿ ಆರ್‌ಸಿಎಸ್ ಚಾಟ್ಸ್ ಸೆಟ್ಟಿಂಗ್ ಒಳಗೇ, ಹೋಗದ ಮೆಸೇಜನ್ನ ಎಸ್ಸೆಮ್ಮೆಸ್ ಆಗಿ ಮತ್ತೆ ಕಳ್ಸ್ಬೇಕಾ ಅನ್ನೋ ಆಯ್ಕೆ ಇರತ್ತೆ. ಪಟ್ಟಣದಲ್ಲಿರೋರು ಎರಡನ್ನೂ ಆಫ್ ಮಾಡಿ ಅಂತಾರೆ, ನಾನು ನಮ್ಮ ಕಡೆಯವರಿಗೆ ಹಂಗೆ ಹೇಳಲ್ಲ. ಎಸ್ಸೆಮ್ಮೆಸ್ಸಿಗೆ ಡೇಟಾ ಬೇಡ, ಫೋನ್ ಕಾಲ್ ಹೋಗೋ ಅಷ್ಟು ಸಿಗ್ನಲ್ ಇದ್ರೆ ಸಾಕು, ಮಳೇಲಿ ಮರ ಬಿದ್ದಾಗ, ರಾತ್ರಿ ಹೊತ್ತು ಯಾರಿಗಾದ್ರೂ ಹುಷಾರಿಲ್ಲ ಅಂದಾಗ ಅದೇ ನಮ್ಮನ್ನ ಕಾಯೋದು. ಅದಕ್ಕೇ ಅಮ್ಮನ ಫೋನಲ್ಲಿ ಆನ್ ಇಟ್ಟಿದೀನಿ, ಜೊತೆಗೆ ಮನೇಲಿ ಒಂದು ಕಟ್ಟು ಮಾಡ್ಕೊಂಡಿದೀವಿ: ಆಧಾರ್ ಫೋಟೋ, ಪಾಸ್‌ಬುಕ್, ಆಸ್ಪತ್ರೆ ರಿಪೋರ್ಟ್ ಇವ್ಯಾವೂ ಮಾಮೂಲಿ ಮೆಸೇಜ್ ಆ್ಯಪಲ್ಲಿ ಹೋಗೋ ಹಂಗಿಲ್ಲ, ಬೀಗ ಇರೋ ಆ್ಯಪಲ್ಲೇ ಹೋಗ್ಬೇಕು, ಡೇಟಾ ಇಲ್ಲ ಅಂದ್ರೆ ಕಾಯ್ಬೇಕು. ಪಿನ್ ಅಂತೂ ಯಾವ ಆ್ಯಪಲ್ಲೂ ಬರೆಯೋದೇ ಬೇಡ. ಬೇಡಿಕೆ ಉಲ್ಟಾ ಇದ್ರೆ, ಅಂದ್ರೆ ನೀವು ಗುಟ್ಟಿನ ವಿಷಯನೇ ಮೆಸೇಜ್ ಆ್ಯಪಲ್ಲಿ ಜಾಸ್ತಿ ಮಾತಾಡೋರು ಅಂದ್ರೆ, ಎರಡೂ ಸ್ವಿಚ್ ಆಫ್ ಮಾಡಿ.

ಕನ್ನಡದಲ್ಲಿ ಎಸ್ಸೆಮ್ಮೆಸ್ ಬರೆಯೋರಿಗೆ ಇನ್ನೊಂದು ಗೊತ್ತಿರ್ಲಿ. ಇಂಗ್ಲಿಷಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸತ್ತೆ, ಕನ್ನಡದಲ್ಲಿ ಬರೀ 70, ಅದ್ರಲ್ಲೂ ಕಾಗುಣಿತದ ಗುರುತು, ಒತ್ತಕ್ಷರ, ಅದನ್ನ ಜೋಡಿಸೋ ಅರ್ಧಾಕ್ಷರದ ಗುರುತು ಎಲ್ಲಾ ಬೇರೆ ಬೇರೆ ಎಣಿಕೆ. ಶಿವಮೊಗ್ಗ ಅನ್ನೋದು ಕಣ್ಣಿಗೆ ನಾಲ್ಕು ಅಕ್ಷರ, ಫೋನಿಗೆ ಎಂಟು. "ಆಗುಂಬೆ ಘಾಟೀಲಿ ಮರ ಬಿದ್ದಿದೆ, ಬಸ್ ತೀರ್ಥಹಳ್ಳೀಲೇ ನಿಂತಿದೆ, ನಾಳೆ ಬರ್ತೀನಿ ಅಮ್ಮ" ಅಂತ ಬರೆದ್ರೆ ಸರಿಯಾಗಿ 70, ಕೊನೇಲಿ ಒಂದು ಚುಕ್ಕಿ ಇಟ್ರೂ ಎರಡು ಮೆಸೇಜ್ ಆಗತ್ತೆ, ದುಡ್ಡೂ ಎರಡಕ್ಕೆ. ಎರಡು ತುಂಡಲ್ಲಿ ಒಂದು ಮಾತ್ರ ತಲುಪಿದ್ರೆ ಅರ್ಥವೇ ಬೇರೆ ಆಗ್ಬಹುದು, ಅದಕ್ಕೆ ಸಿಗ್ನಲ್ ಕಮ್ಮಿ ಇದ್ದಾಗ ಮುಖ್ಯ ವಿಷಯ ಮೊದಲು, ಚಿಕ್ಕದಾಗಿ ಬರೀರಿ.

ಫೋಟೋ ವಿಷಯ. ಅಡಿಕೆಗೆ ಎಲೆಚುಕ್ಕಿ ಬಂದಾಗ ಭಾವ ಸೋಗೆ ಫೋಟೋ ತೆಗ್ದು ಗೊತ್ತಿರೋರಿಗೆ ಕಳ್ಸಿದ್ರೆ ಆ ಕಡೆ ಚುಕ್ಕಿ ಸುತ್ತ ಇರೋ ಹಳದಿ ಅಂಚೇ ಕಾಣ್ತಿರ್ಲಿಲ್ಲ, ಎಲ್ಲಾ ಕಲಸಿ ಹೋಗಿತ್ತು. ವಾಟ್ಸಾಪಲ್ಲಿ ಕಳ್ಸೋವಾಗ ಎಚ್‌ಡಿ ಒತ್ತಿ, ಇಲ್ಲಾ ಡಾಕ್ಯುಮೆಂಟ್ ಅಂತ ಆರಿಸಿ ಕಳ್ಸಿ, ಪಹಣಿ ಫೋಟೋಗೂ ಇದೇ. ಐಫೋನಿಂದ ಡಾಕ್ಯುಮೆಂಟ್ ಆಗಿ ಕಳ್ಸಿದ ಫೋಟೋ ಹಳೇ ಆಂಡ್ರಾಯ್ಡಲ್ಲಿ ತೆರೆಯದೇ ಇದ್ರೆ ಐಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಮಾಡಿ, ಆಮೇಲೆ ತೆಗೆಯೋ ಫೋಟೋ ಎಲ್ಲಾ ಕಡೆ ತೆರೆಯತ್ತೆ.

ಇನ್ನು ಬೀಗ ಇರೋ ಆ್ಯಪ್. ವಾಟ್ಸಾಪ್ 2016ರಿಂದ ಎಲ್ಲಾ ಚಾಟಿಗೂ ಬೀಗ ಹಾಕಿದೆ, ಸಿಗ್ನಲ್ ಆ್ಯಪ್ ಶುರುವಿಂದಲೂ ಅದಕ್ಕೇ ಇರೋದು, ಎರಡೂ ಐಫೋನ್ ಆಂಡ್ರಾಯ್ಡ್ ಭೇದ ಮಾಡಲ್ಲ. ನಂಗೆ ಸಿಗ್ನಲ್ಲೇ ಇಷ್ಟ, ಆದ್ರೆ ನೆಂಟರೆಲ್ಲಾ ವಾಟ್ಸಾಪಲ್ಲಿರೋವಾಗ ಅಮ್ಮಂಗೆ ಅದೇ ಸಾಕು, ಸರಿಯಾಗಿ ಇಟ್ಕೊಂಡ್ರೆ. ಸೆಟ್ಟಿಂಗ್ಸಲ್ಲಿ ಅಕೌಂಟ್ ಒಳಗೆ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ ಆರಂಕಿ ಪಿನ್ ಇಡಿ. ಚಾಟ್ ಬ್ಯಾಕಪ್ ಒಳಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಅಂತ ಬೇರೆ ಆಯ್ಕೆ ಇದೆ, 2021ರಲ್ಲಿ ಬಂದಿದ್ದು, ನಾವೇ ಆನ್ ಮಾಡ್ಬೇಕು, ಅದರ ಪಾಸ್‌ವರ್ಡ್ ಮರೆತ್ರೆ ಯಾರೂ ತೆಗೆದುಕೊಡೋಕಾಗಲ್ಲ, ಡೈರೀಲಿ ಬರೆದಿಟ್ಕೊಳ್ಳಿ.

ಇದಕ್ಕಿಂತ ಜಾಸ್ತಿ ಭಯ ನಂಗೆ ಜೆರಾಕ್ಸ್ ಅಂಗಡಿದು. ಪೇಟೆಗೆ ಹೋದಾಗ ಪ್ರಿಂಟ್ ಬೇಕು ಅಂದ್ರೆ ಅಂಗಡಿ ಕಂಪ್ಯೂಟರಲ್ಲಿ ವಾಟ್ಸಾಪ್ ವೆಬ್ ತೆರೆದು ಕ್ಯೂಆರ್ ಸ್ಕ್ಯಾನ್ ಮಾಡಿ ಪ್ರಿಂಟ್ ತಗೊಂಡು, ಹಿಂದೆ ಇನ್ನೂ ನಾಲ್ಕು ಜನ ನಿಂತಿರ್ತಾರೆ ಅಂತ ಹಂಗೇ ಬಂದ್ಬಿಡ್ತೀವಿ. ಅಂಗಡಿಯವ್ರು ಒಳ್ಳೆಯವ್ರೇ ಇರ್ಬಹುದು, ಆದ್ರೆ ಆ ಕಂಪ್ಯೂಟರ್ ಮುಂದೆ ಯಾರ್ಯಾರೋ ಕೂತ್ಕೊಳ್ತಾರೆ. ಅಮ್ಮನ ಫೋನಿನ ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನೋಡಿದಾಗ ನಮಗ್ಯಾರಿಗೂ ಗೊತ್ತಿಲ್ಲದ ಎರಡು ವಿಂಡೋಸ್ ಕಂಪ್ಯೂಟರ್ ಇತ್ತು, ಆ ಎರಡರಲ್ಲೂ ನಮ್ಮ ಕುಟುಂಬದ ಗ್ರೂಪ್ ಪೂರ್ತಿ ಓದ್ಬಹುದಿತ್ತು. ಪ್ರತಿಯೊಂದರ ಮೇಲೂ ಒತ್ತಿ ಲಾಗ್ ಔಟ್ ಮಾಡಿ. ಪ್ರಿಂಟ್ ಬೇಕಿದ್ರೆ ಆ ಒಂದೇ ಫೈಲನ್ನ ಅಂಗಡಿ ನಂಬರಿಗೆ ಕಳ್ಸಿ, ಇಲ್ಲಾ ಸ್ಕ್ಯಾನ್ ಮಾಡಿದ್ರೂ ಅಲ್ಲೇ ನಿಂತು ಲಾಗ್ ಔಟ್ ಮಾಡಿಯೇ ಹೊರಡಿ.

ಓಟಿಪಿ ಹೆಚ್ಚಿನ ಸಲ ಎಸ್ಸೆಮ್ಮೆಸ್ಸಲ್ಲೇ ಬರೋದು, ಅದನ್ನ ಯಾರಿಗೂ ಓದಿ ಹೇಳ್ಬೇಡಿ. ಲಾಕ್ ಆಗಿರೋ ಸ್ಕ್ರೀನ್ ಮೇಲೆ ಮೆಸೇಜ್ ಕಾಣೋದನ್ನೂ ನೋಟಿಫಿಕೇಶನ್ ಸೆಟ್ಟಿಂಗಲ್ಲಿ ಬಂದ್ ಮಾಡಿ. ದುಡ್ಡು ಹೋಗಿದೆ ಅಂದ್ರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೇದು, ಐಫೋನ್ ಬಿಟ್ಟು ಅದೇ ನಂಬರಲ್ಲಿ ಆಂಡ್ರಾಯ್ಡಿಗೆ ಬರೋರಿಗೆ. ಹಳೇ ಫೋನಲ್ಲಿ ಐಮೆಸೇಜ್ ಆಫ್ ಮಾಡಿಯೇ ಸಿಮ್ ತೆಗೀರಿ. ಇಲ್ಲ ಅಂದ್ರೆ ಐಫೋನ್ ಇರೋರು ಕಳ್ಸೋ ಮೆಸೇಜ್ ಐಮೆಸೇಜ್ ದಾರಿಯಲ್ಲೇ ಹೋಗಿ ನಿಮ್ಮ ಹೊಸ ಫೋನಿಗೆ ಬರದೇ ಇರ್ಬಹುದು. ಹಳೇ ಫೋನ್ ಆಗ್ಲೇ ಕೊಟ್ಬಿಟ್ಟಿದ್ರೆ ಆ್ಯಪಲ್ ವೆಬ್‌ಸೈಟಲ್ಲಿ ಡಿರಿಜಿಸ್ಟರ್ ಐಮೆಸೇಜ್ ಅಂತ ಪೇಜ್ ಇದೆ, ನಂಬರ್ ಹಾಕಿದ್ರೆ ಒಂದು ಕೋಡ್ ಬರತ್ತೆ, ಅದನ್ನ ತುಂಬಿ, ಆಮೇಲೆ ಐಫೋನ್ ಇರೋ ಒಬ್ಬರಿಗೆ ಹೇಳಿ ಒಂದು ಮೆಸೇಜ್ ಕಳ್ಸಿಸ್ಕೊಂಡು ಬಂತಾ ನೋಡಿ.