ಉತಾದಾ ಹಾಡುಗಳ ರ‍್ಯಾಂಕಿಂಗ್: ಕೊನೆಗೂ ಕೈಹಿಡಿದ ದಾರಿ

ಜಪಾನಿನ ಗಾಯಕಿ ಉತಾದಾ ಹಿಕಾರು ಹಾಡುಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ ಅಂತ ಟೋಕಿಯೋದ ಅಭಿಮಾನಿಗಳನ್ನು ಕೇಳಿ ನೋಡಿ. ಹತ್ತರಲ್ಲಿ ಆರು ಜನ ತಡ ಮಾಡದೆ 'ಫಸ್ಟ್ ಲವ್' ಅನ್ನುತ್ತಾರೆ. 1999ರ ಮಾರ್ಚ್‌ನಲ್ಲಿ ಬಂದ ಅದೇ ಹೆಸರಿನ ಆಲ್ಬಂ ಜಪಾನಿನಲ್ಲಿ 76 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಅಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅನ್ನುವ ಆ ದಾಖಲೆ ಇನ್ನೂ ಹಾಗೇ ಇದೆ. 2022ರಲ್ಲಿ ಅದೇ ಹಾಡಿನ ಸುತ್ತ ಹೆಣೆದ ಧಾರಾವಾಹಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು, ಆಮೇಲೆ ಚಿಕ್ಕ ವಯಸ್ಸಿನವರೂ ಈ ಗುಂಪಿಗೆ ಸೇರಿಕೊಂಡರು. ಆದರೆ ಅದೇ ಜನರ ಕಿವಿಗೆ ಫಸ್ಟ್ ಲವ್ ಹಾಕಿ, ಹಿಂದೆಯೇ ಇನ್ನೊಂದು ಹಾಡು ಹಾಕಿ, ಎರಡರಲ್ಲಿ ಒಂದನ್ನು ಆರಿಸಿ ಅಂದರೆ ಉತ್ತರ ಬೇರೆಯೇ ಬರುತ್ತದೆ. ನಾನು ಇದನ್ನು ಹೇಳುತ್ತಾ ಬಂದು ಮೂರು ವರ್ಷದ ಮೇಲಾಯಿತು. ನಮ್ಮ ಅಭಿಮಾನಿ ಗುಂಪಿನ ಹಳಬರು ನಂಬಲಿಲ್ಲ. ಈಗ ಲೆಕ್ಕ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಎದೊಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿ. ಕೆಲಸ ಸಾಫ್ಟ್‌ವೇರ್. ಗುಂಪಿನಲ್ಲಿ ಜಪಾನೀಯರೇ ಹೆಚ್ಚು. 1998ರ ಡಿಸೆಂಬರ್‌ನಲ್ಲಿ 'ಆಟೋಮ್ಯಾಟಿಕ್' ಬಂದಾಗ ಅಂಗಡಿಗೆ ಓಡಿ ಸಿಂಗಲ್ (ಒಂದೆರಡು ಹಾಡಿನ ಸಿಡಿ) ಕೊಂಡವರಿಂದ ಹಿಡಿದು, 2021ರಲ್ಲಿ ಇವಾಂಗೆಲಿಯನ್ ಅನಿಮೆ ಸಿನಿಮಾ ನೋಡಿ 'ಒನ್ ಲಾಸ್ಟ್ ಕಿಸ್' ಮೂಲಕ ಬಂದವರವರೆಗೆ ಇದ್ದಾರೆ. ಪಾಯಿಂಟ್ ಲೆಕ್ಕ, ಎಲೋ (ಗೆಲುವು ಸೋಲು ನೋಡಿ ಚೆಸ್ ಆಟಗಾರರಿಗೆ ಅಂಕ ಕೊಡುವ ಪದ್ಧತಿ), ಸ್ಪ್ರೆಡ್‌ಶೀಟ್ ಎಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನು ವಿವರಿಸುವುದಿಲ್ಲ.

ಶುರುವಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆವು. ನಿಮ್ಮ ಹತ್ತು ಹಾಡು ಬರೆದುಕೊಡಿ, ಮೊದಲನೆಯದಕ್ಕೆ ಹತ್ತು ಅಂಕ, ಕೊನೆಯದಕ್ಕೆ ಒಂದು. ಸುಮಾರು ಎಂಬತ್ತು ಜನ ಬರೆದುಕೊಟ್ಟರು. ಕೂಡಿಸಿ ನೋಡಿದರೆ ಹೆಚ್ಚು ಕಡಿಮೆ ಒರಿಕಾನ್, ಅಂದರೆ ಜಪಾನಿನ ಸಂಗೀತ ಮಾರಾಟದ ಪಟ್ಟಿಯೇ ತಿರುಗಿ ಬಂದಿತ್ತು. ಮೇಲೆ ಫಸ್ಟ್ ಲವ್, ಆಮೇಲೆ ಆಟೋಮ್ಯಾಟಿಕ್, ಆಮೇಲೆ 'ಕ್ಯಾನ್ ಯೂ ಕೀಪ್ ಎ ಸೀಕ್ರೆಟ್', 'ಫ್ಲೇವರ್ ಆಫ್ ಲೈಫ್'. ಇದಕ್ಕೆ ಎಂಬತ್ತು ಜನರನ್ನು ಯಾಕೆ ಕೇಳಬೇಕಿತ್ತು? ಬಹುಮಾನಕ್ಕೆ ಅಂತ ಹಳೆಯ ಸಿಡಿ ಅಂಗಡಿಗಳಲ್ಲಿ ಹುಡುಕಿ 8 ಸೆಂಟಿಮೀಟರ್ ಸಿಂಗಲ್‌ಗಳನ್ನು ತಂದಿದ್ದೆ. ಫಸ್ಟ್ ಲವ್ ಆಲ್ಬಂ ಅಲ್ಲಿ ನೂರು ಚಿಲ್ಲರೆ ಯೆನ್‌ಗೆ ಸಿಗುತ್ತದೆ, ಅಷ್ಟು ಮಾರಾಟವಾಗಿದೆ ನೋಡಿ. ಆ ಚಿಕ್ಕ ಸಿಂಗಲ್‌ಗಳು ಚೆನ್ನಾಗಿರುವ ಸ್ಥಿತಿಯಲ್ಲಿ ಸಿಗುವುದು ಕಷ್ಟ. ಎಲ್ಲ ಸೇರಿ ಆರೇಳು ಸಾವಿರ ಯೆನ್ ಹೋಯಿತು.

ಈ ಗುಂಪಿನವರಿಗೆ ಮಾರಾಟದ ಅಂಕಿ ಯಾಕೆ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದಕ್ಕೆ ಕಾರಣ ಇದೆ. 2001ರ ಮಾರ್ಚ್ 28ರಂದು ಉತಾದಾ ಅವರ 'ಡಿಸ್ಟೆನ್ಸ್', ಇನ್ನೊಬ್ಬ ಜನಪ್ರಿಯ ಗಾಯಕಿ ಹಮಾಸಾಕಿ ಆಯುಮಿ ಅವರ 'ಎ ಬೆಸ್ಟ್' ಎರಡೂ ಆಲ್ಬಂ ಒಂದೇ ದಿನ ಬಂದವು. ಡಿಸ್ಟೆನ್ಸ್ ಮೊದಲ ವಾರದಲ್ಲೇ 30 ಲಕ್ಷ ದಾಟಿತು, ಇನ್ನೊಂದು ಸ್ವಲ್ಪದರಲ್ಲೇ ಹಿಂದೆ ಉಳಿಯಿತು. ಆ ವಾರ ಶಾಲೆಗಳಲ್ಲಿ, ಆಫೀಸುಗಳಲ್ಲಿ ಅದೇ ಮಾತಾಗಿತ್ತು ಅಂತ ನಮ್ಮ ಹಳಬರು ಈಗಲೂ ಹೇಳುತ್ತಾರೆ. ಯಾವುದು ದೊಡ್ಡದು ಅಂದರೆ ಯಾವುದು ಜಾಸ್ತಿ ಮಾರಾಟವಾಯಿತು ಅನ್ನುವ ಲೆಕ್ಕದಲ್ಲೇ ಅವರು ಬೆಳೆದವರು. ಅವರ ಪ್ರೀತಿ ನಿಜ. ಆದರೆ ಪಟ್ಟಿ ಬರೆಯಲು ಕೂತಾಗ ಕೈಗೆ ಮೊದಲು ಬರುವುದು ಹೆಸರು ಮಾಡಿದ ಹಾಡು.

ಆಮೇಲೆ ಕರಾವೊಕೆ. ಹಾಡಿ, ಕೇಳಿ, ಅಲ್ಲೇ ಅಂಕ ಕೊಡೋಣ ಅಂತ. ಶನಿವಾರ ಸಂಜೆ ಹತ್ತು ಜನ, ಮೂರು ಗಂಟೆ, ತಲೆಗೊಂದು ಡ್ರಿಂಕ್ ಕಡ್ಡಾಯ. ಬಿಲ್ಲು ಇಪ್ಪತ್ತು ಸಾವಿರ ಯೆನ್ ದಾಟಿತು. ವಾರದ ದಿನ ಹಗಲು ಹೊತ್ತು ಹೋದರೆ ಅರ್ಧಕ್ಕಿಂತ ಕಡಿಮೆ, ಆದರೆ ಕೆಲಸ ಬಿಟ್ಟು ಯಾರು ಬರುತ್ತಾರೆ? ಹಣ ಹೋದರೂ ಚಿಂತೆಯಿರಲಿಲ್ಲ, ಫಲಿತಾಂಶವೂ ಕೆಟ್ಟಿತು. ಜನ ಅಂಕ ಕೊಟ್ಟಿದ್ದು ಹಾಡಿಗಲ್ಲ, ಅವತ್ತು ಚೆನ್ನಾಗಿ ಹಾಡಿದವರಿಗೆ. ಉತಾದಾ ಅವರ ಹಾಡುಗಳನ್ನು ಹಾಡುವುದು ಸುಲಭವಲ್ಲ, ನಿಮಗೇ ಗೊತ್ತು. ಉಸಿರು ತೆಗೆದುಕೊಳ್ಳುವ ಜಾಗ ವಿಚಿತ್ರ. ಆಟೋಮ್ಯಾಟಿಕ್‌ನ ಮೊದಲ ಸಾಲಲ್ಲೇ ಪದ ಯಾರೂ ಊಹಿಸದ ಕಡೆ ಮುರಿಯುತ್ತದೆ. ಹಾಗಾಗಿ ಗಂಟಲಿಗೆ ಸುಲಭವಾದ ಹಾಡು ಮೇಲೆ ಹೋಯಿತು, 'ಮನಾತ್ಸು ನೋ ತೋರಿಆಮೆ' ತಳ ಸೇರಿತು. ಅದನ್ನು ಯಾರಿಗೂ ಸರಿಯಾಗಿ ಹಾಡಲು ಆಗಲಿಲ್ಲ.

ಕರಾವೊಕೆ ಬಿಟ್ಟು ವಾರ್ಡಿನ ಸಮುದಾಯ ಭವನದ ಕೋಣೆ ಹಿಡಿದೆ. ಅರ್ಧ ದಿನಕ್ಕೆ ಸಾವಿರ ಯೆನ್ ಆಸುಪಾಸು. ಗುಂಪಿನ ಹೆಸರು ನೋಂದಾಯಿಸಬೇಕು, ಮುಂಚೆಯೇ ಬುಕ್ ಮಾಡಬೇಕು, ಅಷ್ಟೇ. ಟೋಕಿಯೋದಲ್ಲಿ ಇಂಥದ್ದು ಮಾಡುವವರು ದಯವಿಟ್ಟು ಇದನ್ನು ನೋಡಿ, ಸುಮ್ನೆ ಕರಾವೊಕೆಗೆ ಹಣ ಸುರಿಯಬೇಡಿ. ಅಲ್ಲಿ ಎರಡೆರಡು ಹಾಡು ಹಾಕಿ ಕೈ ಎತ್ತಿಸಿದೆ. ಅದೂ ನಿಲ್ಲಲಿಲ್ಲ. ಮೊದಲು ಯಾರೂ ಕೈ ಎತ್ತುವುದಿಲ್ಲ. ಹಿರಿಯರೊಬ್ಬರು ಎತ್ತುತ್ತಾರೆ, ಆಮೇಲೆ ಉಳಿದ ಕೈಗಳು ಒಂದೊಂದಾಗಿ ಏಳುತ್ತವೆ. ಎಲ್ಲರೆದುರು ಬೇರೆ ಮಾತು ಹೇಳಲು ಇಲ್ಲಿ ಜನ ಹಿಂಜರಿಯುತ್ತಾರೆ. ಒಂದು ವೋಟಿಂಗ್ ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿ ನೋಡಿದೆ. ಅರ್ಧ ದಾರಿಯಲ್ಲಿ ಅವರು ಉಚಿತವಾಗಿದ್ದ ಡೌನ್‌ಲೋಡ್ ಸೌಲಭ್ಯ ತೆಗೆದುಹಾಕಿದರು, ಎರಡು ವಾರದ ವೋಟು ಅಲ್ಲೇ ಸಿಕ್ಕಿಕೊಂಡಿತು. ಮೂರು ಸಾವಿರ ಚಿಲ್ಲರೆ ನೀರುಪಾಲು. ಆಮೇಲೆ ನಾನೇ ಒಂದು ಚಿಕ್ಕ ಪುಟ ಬರೆದುಕೊಂಡೆ.

ಈಗ ಮಾಡುವುದು ಹೀಗೆ. ಪ್ರತಿಯೊಬ್ಬರೂ ತಮ್ಮ ಫೋನು, ತಮ್ಮ ಇಯರ್‌ಫೋನು ತರಬೇಕು. ಪರದೆಯಲ್ಲಿ ಹಾಡಿನ ಹೆಸರಿಲ್ಲ, ವರ್ಷವಿಲ್ಲ, ಚಿತ್ರವಿಲ್ಲ. ಒಂದು ತುಣುಕು ನಲವತ್ತು ಸೆಕೆಂಡು, ಇನ್ನೊಂದು ನಲವತ್ತು ಸೆಕೆಂಡು, ಎಡ ಅಥವಾ ಬಲ ಒತ್ತಬೇಕು. ಸಮ ಅನ್ನುವ ಗುಂಡಿ ಇಲ್ಲ. ಅದಿದ್ದರೆ ಎಲ್ಲರೂ ಅದನ್ನೇ ಒತ್ತುತ್ತಾರೆ. ಒಂದು ಜೋಡಿಗೆ ಒಂದೂವರೆ ನಿಮಿಷ, ಒಬ್ಬರಿಗೆ ನಲವತ್ತು ಜೋಡಿ, ಒಂದು ಗಂಟೆಯ ಕೆಲಸ. ಅದಕ್ಕಿಂತ ಜಾಸ್ತಿ ಕೊಟ್ಟರೆ ಕಿವಿ ಸೋಲುತ್ತದೆ. ಹನ್ನೆರಡು ಜನ ಕೂತರೆ ಒಂದೇ ದಿನ ಐನೂರರ ಹತ್ತಿರ ಹೋಲಿಕೆ ಸಿಗುತ್ತದೆ. ನಾನು ತೆಗೆದುಕೊಂಡದ್ದು ಅರವತ್ತು ಹಾಡು. ಎಲ್ಲ ಜೋಡಿ ಅಂದರೆ 1770. ಎಲ್ಲವನ್ನೂ ಕೇಳಿಸುವ ಅಗತ್ಯವಿಲ್ಲ. ಮುಂದಿನ ಜೋಡಿ ಯಾವುದು ಅಂತ ಆರಿಸುವುದರಲ್ಲೇ ಇದರ ಜೀವ ಇದೆ. ಆ ಲೆಕ್ಕ ನನ್ನದೇ, ಅದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಯ ಲೆಕ್ಕಕ್ಕೆ ಎಲೋ ಬಿಟ್ಟೆ. ಅದರಲ್ಲಿ ಕೊನೆಗೆ ಬಂದ ಪಂದ್ಯಗಳ ತೂಕ ಜಾಸ್ತಿಯಾಗುತ್ತದೆ, ಚೆಸ್‌ಗೆ ಅದು ಸರಿ, ಹಾಡಿಗೆ ಬೇಡ. ಹಾಡು ವಾರದಿಂದ ವಾರಕ್ಕೆ ಆಟ ಸುಧಾರಿಸಿಕೊಳ್ಳುವುದಿಲ್ಲವಲ್ಲ. ಎಲ್ಲ ಹೋಲಿಕೆಗಳನ್ನು ಒಟ್ಟಿಗೆ ಬ್ರಾಡ್ಲಿ-ಟೆರಿಗೆ (ಜೋಡಿ ಹೋಲಿಕೆಗಳಿಂದ ಪಟ್ಟಿ ಕಟ್ಟುವ ಗಣಿತದ ಮಾದರಿ) ಹಾಕಿದರೆ ಪಟ್ಟಿ ಅಲುಗಾಡದೆ ನಿಲ್ಲುತ್ತದೆ.

ಎರಡು ವಿಷಯ ಮಾತ್ರ ಯಾರೂ ಬಿಡಬೇಡಿ. ಒಂದು, ಸದ್ದಿನ ಮಟ್ಟ. 1999ರ ಸಿಡಿಯಿಂದ ತೆಗೆದ ತುಣುಕಿಗೂ 2022ರ 'ಬ್ಯಾಡ್ ಮೋಡ್'ನ ತುಣುಕಿಗೂ ಸದ್ದು ಒಂದೇ ಸಮ ಇರುವುದಿಲ್ಲ. ಜೋರಾಗಿರುವುದು ಕಿವಿಗೆ ಚೆಂದ ಅನ್ನಿಸುತ್ತದೆ. ಸಮ ಮಾಡುವ ಮುಂಚೆ ಹಳೆಯ ಹಾಡುಗಳು ಸುಮ್ಮಸುಮ್ಮನೆ ಸೋಲುತ್ತಿದ್ದವು. ಸಮ ಮಾಡಿದ ಮೇಲೆ 'ಟೈಮ್ ವಿಲ್ ಟೆಲ್' ಹತ್ತು ಹನ್ನೆರಡು ಸ್ಥಾನ ಮೇಲೆ ಬಂತು. ಇನ್ನೊಂದು, ಎರಡನೆಯದಾಗಿ ಕೇಳಿದ ಹಾಡಿಗೆ ಸ್ವಲ್ಪ ಲಾಭ ಇರುತ್ತದೆ, ನೂರಕ್ಕೆ ಐವತ್ತೈದು ಸಲ ಅದೇ ಗೆಲ್ಲುತ್ತಿತ್ತು. ಹಾಗಾಗಿ ಪ್ರತಿ ಜೋಡಿಯನ್ನೂ ಹಿಂದುಮುಂದಾಗಿ ಬೇರೆ ಬೇರೆಯವರಿಗೆ ಕೊಡಬೇಕು.

ಯಾವ ನಲವತ್ತು ಸೆಕೆಂಡು? ಇದೇ ಅತಿ ದೊಡ್ಡ ತಲೆನೋವು. ಎಲ್ಲದಕ್ಕೂ ಪಲ್ಲವಿ ಹಾಕಿದರೆ ಪಲ್ಲವಿ ಗಟ್ಟಿಯಿರುವ ಹಾಡು ಗೆಲ್ಲುತ್ತದೆ. 'ಸಮ್‌ವೇರ್ ನಿಯರ್ ಮಾರ್ಸೇ' ಹನ್ನೆರಡು ನಿಮಿಷದ ಹತ್ತಿರ ಇದೆ, ಎಲೆಕ್ಟ್ರಾನಿಕ್ ಸಂಗೀತಗಾರ ಫ್ಲೋಟಿಂಗ್ ಪಾಯಿಂಟ್ಸ್ ಜೊತೆ ಮಾಡಿದ್ದು, ನಿಧಾನವಾಗಿ ತೆರೆದುಕೊಳ್ಳುವ ಹಾಡು. ಅದರಿಂದ ನಲವತ್ತು ಸೆಕೆಂಡು ಕತ್ತರಿಸುವುದು ಅನ್ಯಾಯ ಅಂತ ಜಗಳ ಆಯಿತು. ಆ ಮಾತಿನಲ್ಲಿ ಸತ್ಯ ಇದೆ. ಅದಕ್ಕೆ ಪ್ರತಿ ಹಾಡಿನಿಂದ ಮೂರು ತುಣುಕು ತೆಗೆದೆ, ಒಬ್ಬರಿಗೆ ಒಂದು ಬರುವಂತೆ. ಯಾವ ಹಾಡಿನಿಂದ ಎಲ್ಲೆಲ್ಲಿ ತೆಗೆದೆ ಅನ್ನುವ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ. ತಿಂಗಳುಗಟ್ಟಲೆ ರಾತ್ರಿ ಕೂತು ಮಾಡಿದ ಕೆಲಸ ಅದು.

ಇನ್ನು ಒಂದೇ ಹಾಡಿನ ಬೇರೆ ಬೇರೆ ರೂಪಗಳು. ಈ ಜಗಳ ಉತಾದಾ ಅಭಿಮಾನಿಗಳಿಗೆ ಮುಗಿಯುವುದೇ ಇಲ್ಲ. 2002ರ 'ಹಿಕಾರಿ', ಅದೇ ಸಂಗೀತದ ಇಂಗ್ಲಿಷ್ ಹಾಡು 'ಸಿಂಪಲ್ ಅಂಡ್ ಕ್ಲೀನ್' ಎರಡೂ ಕಿಂಗ್‌ಡಮ್ ಹಾರ್ಟ್ಸ್ ಗೇಮ್‌ನವು. ಹೊರದೇಶದಲ್ಲಿ ಆ ಗೇಮ್ ಆಡಿ ಬೆಳೆದವರಿಗೆ ಎರಡನೆಯದೇ ಮೂಲ, ಜಪಾನಿನವರಿಗೆ ಮೊದಲನೆಯದು. 'ಪ್ಯಾಶನ್', 'ಸ್ಯಾಂಕ್ಚುಯರಿ' ಕಥೆಯೂ ಅದೇ. 2024ರ 'ಸೈನ್ಸ್ ಫಿಕ್ಷನ್' ಆಲ್ಬಂನಲ್ಲಿ ಹಿಕಾರಿ, 'ಟ್ರಾವೆಲಿಂಗ್', 'ಅಡಿಕ್ಟೆಡ್ ಟು ಯೂ' ಮೂರನ್ನೂ ಹೊಸದಾಗಿ ಹಾಡಿದ್ದಾರೆ, ಅಲ್ಲಿಗೆ ಗೊಂದಲ ಇನ್ನೂ ಹೆಚ್ಚಿತು. ನನ್ನ ನಿಯಮ ಸರಳ. ಮೊದಲು ಬಂದ ರೆಕಾರ್ಡಿಂಗ್ ಮಾತ್ರ ಪಟ್ಟಿಗೆ. ಸಾಹಿತ್ಯ ಬೇರೆಯಾಗಿದ್ದರೆ ಬೇರೆ ಹಾಡು.

'ಡಿಸ್ಟೆನ್ಸ್' ಮತ್ತು 'ಫೈನಲ್ ಡಿಸ್ಟೆನ್ಸ್' ವಿಷಯದಲ್ಲಿ ಮಾತ್ರ ಈ ನಿಯಮ ಮುರಿದೆ, ಎರಡನ್ನೂ ಇಟ್ಟೆ. ಮೊದಲನೆಯದು ಕುಣಿಯುವ ಹಾಡು. ಎರಡನೆಯದನ್ನು ನಿಧಾನಗತಿಗೆ ಇಳಿಸಿ, ಒಸಾಕಾದ ಇಕೆದಾ ಶಾಲೆಯಲ್ಲಿ 2001ರ ಜೂನ್‌ನಲ್ಲಿ ನಡೆದ ದಾಳಿಯಲ್ಲಿ ಸತ್ತ ಒಬ್ಬ ಪುಟ್ಟ ಹುಡುಗಿಗೆ ಅರ್ಪಿಸಿದರು. ಅದನ್ನು ಇನ್ನೊಂದರ ರೀಮಿಕ್ಸ್ ಅಂತ ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ.

ಮಧ್ಯದಲ್ಲಿ ನನಗೆ ಬೇರೆ ಒಂದು ಕುತೂಹಲ ಹುಟ್ಟಿತು. ಕಥೆ ಗೊತ್ತಿದ್ದರೆ ಮಾತ್ರ ಹಾಡು ಗೆಲ್ಲುತ್ತದೆಯೇ? 2013ರಲ್ಲಿ ಉತಾದಾ ಅವರ ತಾಯಿ, ಎನ್ಕಾ (ಜಪಾನಿನ ಹಳೆಯ ಶೈಲಿಯ ಹಾಡು) ಗಾಯಕಿ ಫುಜಿ ಕೇಯ್ಕೋ ತೀರಿಕೊಂಡರು. 2010ರ ಕೊನೆಯಿಂದ ರಜೆಯಲ್ಲಿದ್ದ ಮಗಳು 2016ರಲ್ಲಿ ಮರಳಿದಾಗ ಬಂದ ಹಾಡುಗಳಲ್ಲಿ ಆ ದುಃಖ ಇದೆ. ಜಪಾನಿನ ಅಭಿಮಾನಿಗಳು ಮನಾತ್ಸು ನೋ ತೋರಿಆಮೆಯನ್ನು ಆ ಕಥೆ ಬಿಟ್ಟು ಕೇಳಲಾರರು. ಹಾಗಾದರೆ ಏನೂ ಗೊತ್ತಿಲ್ಲದವರಿಗೆ ಕೇಳಿಸೋಣ ಅಂತ ನಿಶಿ-ಕಸಾಯಿಯ ಕನ್ನಡದ ಗೆಳೆಯರನ್ನು ಒಂದು ಭಾನುವಾರ ಮನೆಗೆ ಕರೆದೆ. ಎಂಟೊಂಬತ್ತು ಜನ, ಬಿಸಿಬೇಳೆ ಬಾತು, ಸಾಮಾನಿಗೆ ನಾಲ್ಕು ಸಾವಿರ ಯೆನ್. "ಮಾರಾಯ, ಒಂದು ಪದ ಅರ್ಥ ಆಗಲ್ಲ, ನಾನೇನು ಆರಿಸಲಿ?" ಅಂದ ಒಬ್ಬ. "ಅದಕ್ಕೇ ನೀನು ಬೇಕು" ಅಂದೆ.

ಅವರ ಪಟ್ಟಿಯಲ್ಲಿ ಫಸ್ಟ್ ಲವ್ ಹತ್ತರ ಆಚೆ ಹೋಯಿತು. ಮನಾತ್ಸು ಮೊದಲ ಐದರಲ್ಲೇ ಇತ್ತು! ಒಂದು ಪದ ತಿಳಿಯದವರು, ತಾಯಿಯ ಕಥೆ ಕೇಳದವರು, ಪಿಯಾನೋ ಮೇಲೆ ಆ ಧ್ವನಿ ತಡೆದು ತಡೆದು ಬರುವುದನ್ನು ಕೇಳಿ ಅದನ್ನೇ ಒತ್ತಿದರು. ಅದೇ ಸಮಯದ 'ಹನಾತಾಬಾ ಓ ಕಿಮಿ ನಿ' ಅವರಲ್ಲಿ ಕೆಳಗೆ ಇಳಿಯಿತು. ಎನ್‌ಎಚ್‌ಕೆ ಟಿವಿಯ ಬೆಳಗಿನ ಧಾರಾವಾಹಿಯ ಹಾಡು ಅದು, ಆರು ತಿಂಗಳು ದಿನಾ ಕೇಳಿದವರಿಗೆ ಅದರ ನಂಟು ಬೇರೆ. ಮಕ್ಕಳಿರುವ ಮನೆಯವರು 'ಬೊಕು ವಾ ಕುಮಾ'ವನ್ನು ಎತ್ತಿ ಮೇಲಿಟ್ಟರು. ಕರಡಿ ಬಗ್ಗೆ ಇರುವ ಮಕ್ಕಳ ಹಾಡು, ಗಂಭೀರ ಅಭಿಮಾನಿಗಳ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಎಷ್ಟು ಚೆನ್ನಾಗಿ ಕಟ್ಟಿದ ರಾಗ ಅಂತ ನನಗೂ ಅವತ್ತು ಮತ್ತೆ ಅನ್ನಿಸಿತು.

ಫೋನಿನ ಸ್ಪೀಕರ್‌ನಲ್ಲಿ ಕೇಳಿಸಿಯೂ ನೋಡಿದೆ. ಬಾಸ್ ಮೇಲೆ ನಿಂತ 'ಕಿಮಿ ನಿ ಮುಚೂ' ಥರದವು ಬಿದ್ದವು, ಧ್ವನಿಯೇ ಮುಂದಿರುವ ಹಾಡುಗಳು ಎದ್ದವು. ಇಯರ್‌ಫೋನು ಕಡ್ಡಾಯ ಮಾಡಿದ್ದು ಅದಕ್ಕೇ.

ಮುಖ್ಯ ಪಟ್ಟಿಗೆ ಬರೋಣ. ನೆನಪಿನಿಂದ ಹೇಳುವುದಾದರೆ ಎರಡೂವರೆ ಸಾವಿರ ಹೋಲಿಕೆ ಆದಮೇಲೆ ಮೊದಲು ನಿಂತದ್ದು 2007ರ 'ಬ್ಯೂಟಿಫುಲ್ ವರ್ಲ್ಡ್'. ಎರಡನೆಯದು ಮನಾತ್ಸು, ಆಮೇಲೆ 'ಸಕುರಾ ಡ್ರಾಪ್ಸ್', ಟ್ರಾವೆಲಿಂಗ್. ಫಸ್ಟ್ ಲವ್ ಐದು ಅಥವಾ ಆರು. ಫೈನಲ್ ಡಿಸ್ಟೆನ್ಸ್ ಹತ್ತರ ಒಳಗೆ ಬಂತು, ಡಿಸ್ಟೆನ್ಸ್ ಇಪ್ಪತ್ತರ ಆಸುಪಾಸು. 1998ರಿಂದ ಕೇಳುತ್ತಿರುವ ನಮ್ಮ ಹಿರಿಯ ಅಭಿಮಾನಿ ಒಬ್ಬರು ಪಟ್ಟಿ ನೋಡಿ ಒಪ್ಪಲೇ ಇಲ್ಲ. ಬ್ಯೂಟಿಫುಲ್ ವರ್ಲ್ಡ್ ಇವಾಂಗೆಲಿಯನ್ ಸಿನಿಮಾದ ಹಾಡು, ಹಾಗಾಗಿ ಇದು ಇವಾಂಗೆಲಿಯನ್ ಹುಡುಗರ ಕೆಲಸ ಅಂದರು. ಅವರದೇ ನಲವತ್ತು ಉತ್ತರಗಳನ್ನು ತೆಗೆದು ತೋರಿಸಿದೆ. ಬ್ಯೂಟಿಫುಲ್ ವರ್ಲ್ಡ್ ಅವರಿಗೆ ಮೂರು ಸಲ ಬಂದಿತ್ತು, ಮೂರೂ ಸಲ ಅದನ್ನೇ ಆರಿಸಿದ್ದರು. ಅದರಲ್ಲಿ ಒಂದು ಸಲ ಎದುರಿಗಿದ್ದದ್ದು ಫಸ್ಟ್ ಲವ್.

ಆದರೂ ಅನುಮಾನ ಉಳಿಯಬಾರದು ಅಂತ ಏಳೆಂಟು ತಿಂಗಳ ನಂತರ ಪೂರ್ತಿ ಬೇರೆ ಜನರನ್ನು ಸೇರಿಸಿ ಮತ್ತೆ ಮಾಡಿದೆ. ಹೆಚ್ಚಿನವರು ಯೊಕೊಹಾಮಾ ಕಡೆಯವರು, ಉತಾದಾ ಅವರ 2024ರ ಪ್ರವಾಸದ ಕೊನೆಯ ಕಚೇರಿಗಳಿಗೆ ಅಲ್ಲಿನ ಕೆ-ಅರೇನಾ ಸಭಾಂಗಣಕ್ಕೆ ಹೋಗಿದ್ದವರು. ಮೊದಲ ಹತ್ತರಲ್ಲಿ ಎಂಟು ಹಾಡು ಅವೇ ಬಂದವು. ಬ್ಯೂಟಿಫುಲ್ ವರ್ಲ್ಡ್ ಮತ್ತೆ ಮೊದಲು. ಕೇಳಿ ಬರೆದ ಪಟ್ಟಿಗಳಲ್ಲಿ ಇಷ್ಟು ಸ್ಥಿರವಾದದ್ದನ್ನು ನಾನಂತೂ ನೋಡಿಲ್ಲ. ಅವತ್ತಿನ ಖರ್ಚು ಕೋಣೆ, ಟೀ, ಬಿಸ್ಕತ್ತು ಎಲ್ಲ ಸೇರಿ ಮೂರು ಸಾವಿರ ಯೆನ್ ಒಳಗೆ.

ಈಗ ಆ ಹಿರಿಯರೇ ಸಿಂಗಲ್ ಆಗದ ಆಲ್ಬಂ ಹಾಡುಗಳನ್ನು ಮಾತ್ರ ಇಟ್ಟುಕೊಂಡು ಇನ್ನೊಂದು ಸುತ್ತು ಮಾಡಿ ಅನ್ನುತ್ತಿದ್ದಾರೆ. ತುಣುಕು ಕತ್ತರಿಸುವ ಕೆಲಸ ಶುರುವಾಗಿದೆ. 'ಡೀಪ್ ರಿವರ್' ಆಲ್ಬಂ ಮುಗಿದಿದೆ, 'ಅಲ್ಟ್ರಾ ಬ್ಲೂ' ಅರ್ಧ ಆಗಿದೆ.